ವೆಂಕಣ್ಣನ ಹೂಂ, ಬೀರಪ್ಪನ ಕಿವಿ

ಬೈಲಹೊಂಗಲದ ಪುರಾಣಿಕರ ಮನೆಯಲ್ಲಿ ಹುಟ್ಟಿದ ವೆಂಕಣ್ಣನಿಗೆ ಪುರಾಣ ಹೇಳಲು ಬರುತ್ತಿರಲಿಲ್ಲ. ಹಾಡಲು ದನಿಯಿರಲಿಲ್ಲ, ಶ್ಲೋಕ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಅರ್ಥ ಬಿಡಿಸುವ ಹೊತ್ತಿಗೆ ಅವನಿಗೇ ತೂಕಡಿಕೆ ಬರುತ್ತಿತ್ತು. ಆದರೆ ಹೂಂಗುಟ್ಟುವ ವಿದ್ಯೆಯಲ್ಲಿ ಮಲಪ್ರಭೆಯ ಎರಡೂ ದಂಡೆಗಳಲ್ಲಿ ಅವನಿಗೆ ಸಮನಾದ ವೀರನಿರಲಿಲ್ಲ.

ಹಿರಿಯರು ಮಾತಾಡುವಾಗ ಎದುರಿಗೆ ಕುಳಿತವನು ಹೂಂ ಅನ್ನದಿದ್ದರೆ ಅವರ ಮುಖದ ಮೇಲೆ ಬಾಗಿಲು ಹಾಕಿದಂತೆ. ಇದು ನಮ್ಮ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ವೆಂಕಣ್ಣನ ಹೂಂ ಒಂದೇ ತರದ್ದಲ್ಲ. ಯುದ್ಧಕ್ಕೊಂದು, ವನವಾಸಕ್ಕೊಂದು, ತಂದೆಗೆ ಮುಂದಿನದು ಮರೆತುಹೋದಾಗ ನೆನಪಿಸಿಕೊಳ್ಳಲು ಪುರಸೊತ್ತು ಕೊಡುವ ಉದ್ದನೆಯದೊಂದು. ಓಣಿಯ ಮುದುಕರು ಯಾರಾದರೂ ಕಾಶಿಗೆ ಹೋಗಿ ಬಂದರೆ, ಮನೆಯವರು ತಾವು ಹಿತ್ತಲಿಗೆ ಜಾರಿಕೊಂಡು ವೆಂಕಣ್ಣನನ್ನು ಕರೆಸಿ ಅವರೆದುರು ಕೂರಿಸುತ್ತಿದ್ದರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿರಬೇಕು. ಸವದತ್ತಿಯ ಹತ್ತಿರ ಹೊಳೆಯ ಕಣಿವೆಯನ್ನು ಅಳೆಯಲು ತಂಡವೊಂದು ಬಂದು ಡೇರೆ ಹಾಕಿತು. ಅದರ ಮುಖ್ಯಸ್ಥರು ತ್ರ್ಯಂಬಕರಾಯರು, ವೆಂಕಣ್ಣನ ತಂದೆಯ ಗೆಳೆಯರು. "ಹೂಂ ಅಂದ್ರ ನಿನ್ನ ಹೆಂಡತಿ ಗಂಗೂಬಾಯಿ ಒಲಿ ಹೊತ್ತೂದಿಲ್ಲ, ನನ್ನ ಜೋಡಿ ಬಾ" ಎಂದು ಕರೆದೊಯ್ದು ಅವನ ಕೈಗೆ ಒಂದು ವಾಕಿಟಾಕಿ ಕೊಟ್ಟರು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ತಂಡಕ್ಕೆ ಸಿಕ್ಕ ಜೋಡಿಯದು. ಒಂದು ಗುಡ್ಡದ ನೆತ್ತಿಯ ಮೇಲೆ ದುರ್ಬೀನಿನ ಹತ್ತಿರ ರಾಯರ ಕೈಯಲ್ಲಿ, ಇನ್ನೊಂದು ಮೈಲು ದೂರದಲ್ಲಿ, ಕೆಳಗೆ ಕೂಲಿಯಾಳುಗಳ ನಡುವೆ ವೆಂಕಣ್ಣನ ಕೈಯಲ್ಲಿ.

ಶಸ್ತ್ರಾಭ್ಯಾಸ ಮಾಡಿಸಲು ಸಂಗೊಳ್ಳಿಯ ನಿಜಗುಣಪ್ಪ ಬಂದ. ಯುದ್ಧದ ಕಾಲಕ್ಕೆ ದಂಡಿನಲ್ಲಿ ವಾಯರಲೆಸ್ ನೋಡಿಕೊಂಡವನು.

"ಮೊದಲ ಈ ಏರಿಯಲ್ ಪೂರಾ ಎಳೀರಿ ಆಚಾರ್ರ. ಎಳದ ಕೂಡಲೆ ಡಬ್ಬಿಗೆ ಎಚ್ಚರಾಗತೈತಿ. ಎಳ್ಯಾಕ್ಕಿಂತ ಮೊದಲ ಮಗ್ಗಲ ಯಾರ ಅದಾರ ನೋಡ್ರಿ, ಕಣ್ಣಾಗ ಹೊಕ್ಕೀತು. ಕರೆಂಟಿನ ತಂತಿ ಬುಡಕ ನಿಂದರಬ್ಯಾಡ್ರಿ. ಗುಡುಗು ಸುರು ಆತಂದ್ರ ಏರಿಯಲ್ ಒಳಗ ನೂಕಿ ಗುಡ್ಡ ಇಳೀರಿ."

"ಸಿಡಿಲಿಗೆ ಇದರ ಮ್ಯಾಲೆ ಏನು ಸಿಟ್ಟು?"

"ಸಿಟ್ಟಲ್ರಿ, ಪ್ರೀತಿ. ಎತ್ತರದ್ದು ಕಂಡ್ರ ಬಂದು ತಬ್ಬಿಕೊಳ್ಳತೈತಿ. ಇನ್ನ ಈ ಗುಂಡಿ. ಒತ್ತಿ ಹಿಡದ್ರ ಡಬ್ಬಿಗೆ ಬಾಯಿ ಇರತೈತಿ, ಕಿವಿ ಇರೂದಿಲ್ಲ. ಬಿಟ್ರ ಕಿವಿ ಇರತೈತಿ, ಬಾಯಿ ಇರೂದಿಲ್ಲ. ರಾಯರು 'ಮುಗೀತು' ಅನ್ನೂತನಕ ಹೆಬ್ಬಟ್ಟು ಅಲ್ಲಿ ಇಡಬ್ಯಾಡ್ರಿ. ಆಮ್ಯಾಲೆ ಒತ್ತಿ, ಅವರು ಹೇಳಿದ್ದನ್ನ ಹೇಳಿಧಾಂಗ ತಿರುಗಿ ಹೇಳ್ರಿ."

ವೆಂಕಣ್ಣ ಬೆಚ್ಚಿಬಿದ್ದ. "ರಾಯರ ಮಾತು ರಾಯರಿಗೇ ತಿರುಗಿ ಹೇಳೋದೇನ್ರಿ? ಅಣಕಿಸಿಧಂಗ ಆಗ್ತದಲ್ಲ."

"ದಂಡಿನ್ಯಾಗ ಅದಕ್ಕ ಅಣಕ ಅನ್ನೂದಿಲ್ರಿ, ಜ್ವಾಕಿ ಅಂತಾರ."

ಏರಿಯಲ್ಲಿನ ವಿಷಯ, ಬ್ಯಾಟರಿಗೆ ನೀರು ತಾಗಬಾರದೆಂಬ ವಿಷಯ ಎಲ್ಲವನ್ನೂ ವೆಂಕಣ್ಣ ಮಡಿಯಂತೆ ಪಾಲಿಸಿದ. ಕೊನೆಯದೊಂದನ್ನು ಮಾತ್ರ ತಂದೆಯ ವಯಸ್ಸಿನವರನ್ನು ಅಣಕಿಸುವ ಪಾಪವೆಂದು ಬದಿಗಿಟ್ಟ. ಅದರ ಬದಲಿಗೆ ರಾಯರು ಒಂದೊಂದು ಮಾತು ಮುಗಿಸಿದಾಗಲೂ ಗುಂಡಿ ಒತ್ತಿ, ತಲೆಬಾಗಿ, "ಹೂಂರೀ" ಅಂದ. ಆ ಹೊತ್ತಿನಲ್ಲಿ ಡಬ್ಬಿಗೆ ಕಿವಿಯಿರುವುದಿಲ್ಲ ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೆ ಹಿರಿಯರು ಮಾತಾಡುತ್ತಿರುವಾಗ ಕಂಬದಂತೆ ಸುಮ್ಮನೆ ನಿಲ್ಲಲು ಅವನ ಹೆಬ್ಬೆರಳು ಒಪ್ಪಲಿಲ್ಲ. ರಾಯರಿಗೆ ಪ್ರತಿ ಮಾತನ್ನೂ ಮೂರು ಸಲ ಹೇಳುವ ರೂಢಿ. ಮೊದಲ ಸಲ ಹೂಂನಲ್ಲಿ ಮುಳುಗಿದ್ದು ಎರಡನೆಯ ಸಲಕ್ಕೆ ತೇಲುತ್ತಿತ್ತು. ಹೀಗೆ ನಮ್ಮ ವೀರನ ದಿಗ್ವಿಜಯ ಕೆಲವು ವಾರ ನಡೆಯಿತು.

ಬ್ಯಾಟರಿ ಇಳಿದ ದಿನ ಅದು ಮುಗಿಯಿತು.

"ವೆಂಕಣ್ಣ, ಒಂದೇ ಸಲ ಹೇಳ್ತೀನಿ" ಎಂದಿತು ಡಬ್ಬಿ. "ಕಾಡವ್ವನ ಬದುವಿನ್ಯಾಗಿನ ಹುಣಸಿ ಗಿಡ ದುರ್ಬೀನಿಗೆ ಅಡ್ಡ ಬರ್ತದ. ಅದನ್ನ ಕಡಸೋಣಂತ ಮಾಡಿದ್ದೆ."

ಒಂದು ಮರದ ಆಯುಷ್ಯದ ಪ್ರಶ್ನೆ. ಇದಕ್ಕೆ ಸಣ್ಣ ಹೂಂ ಸಾಲದು. ವೆಂಕಣ್ಣ ಗುಂಡಿಯೊತ್ತಿ ತನ್ನ ಬತ್ತಳಿಕೆಯಲ್ಲಿದ್ದ ಅತ್ಯಂತ ಉದ್ದನೆಯ, ಗಂಭೀರವಾದ ಹೂಂ ಒಂದನ್ನು ಬಿಟ್ಟ. ಅಷ್ಟರೊಳಗೆ ಅತ್ತ ರಾಯರು, ಪಾಪ ಮುದುಕಿಯ ಮರವೆಂದು ತಾವೇ ದುರ್ಬೀನನ್ನು ಬೇರೆ ಕಡೆಗೆ ಸರಿಸಿರುವುದಾಗಿಯೂ, ಮರವನ್ನು ಯಾರೂ ಮುಟ್ಟಬಾರದೆಂದೂ ಹೇಳಿ ಮುಗಿಸುತ್ತ ಬಂದಿದ್ದರು. ವೆಂಕಣ್ಣ ಗುಂಡಿ ಬಿಟ್ಟಾಗ ಕೇಳಿದ್ದು ಇಷ್ಟೇ: "ಹಂಗಂತ ಬೀರಪ್ಪಗ ಹೇಳು. ಮುಗೀತು."

"ಹೂಂರೀ" ಎಂದ ವೆಂಕಣ್ಣ. ಇದು ಮಾತ್ರ ರಾಯರಿಗೆ ಸ್ವಚ್ಛವಾಗಿ ಕೇಳಿಸಿತು.

ಬೀರಪ್ಪ ಹತ್ತಿರದ ಹಟ್ಟಿಯ ಕುರುಬ. ಹಗಲು ತಂಡದಲ್ಲಿ ಕೊಡಲಿ ಕೆಲಸ, ರಾತ್ರಿ ಅಣ್ಣತಮ್ಮಂದಿರ ಕುರಿದೊಡ್ಡಿಯ ಕಾವಲು. "ಕಾಡವ್ವಗ ಒಂದ ಮಾತು ಕೇಳಬೇಕಿತ್ತಲ್ರಿ?" ಎಂದು ಎರಡು ಸಲ ಅಂದ. "ರಾಯರು ಹೇಳ್ಯಾರ, ಕಡಿ" ಎಂದು ವೆಂಕಣ್ಣ ಎರಡು ಸಲ ಅಂದ. ಮರ ಬಿತ್ತು. ಅದು ಬೀಳುವುದನ್ನು ದುರ್ಬೀನಿನಲ್ಲೇ ಕಂಡ ರಾಯರು ಆ ವಯಸ್ಸಿನಲ್ಲಿ ಗುಡ್ಡದಿಂದ ಓಡುತ್ತ ಇಳಿದು ಬಂದರು.

"ಕಡಿ ಅಂತ ಯಾರಂದ್ರು? ಬಿಡು ಅಂತ ನಾ ಹೇಳಿದ್ದೆ. ನೀ ಹೂಂ ಅಂದಿದ್ದಿ. ಹೌದಿಲ್ಲೋ ವೆಂಕಣ್ಣ?"

ಉದ್ದನೆಯ ಹೂಂನ ಒಳಗೆ ಏನು ಮುಳುಗಿತೆಂಬುದು ವೆಂಕಣ್ಣನಿಗೆ ಆಗ ಹೊಳೆಯಿತು. ನಿಜ ಹೇಳಿದರೆ ಡಬ್ಬಿ ಹೋಗುತ್ತದೆ. ಅವನ ಬಾಯಿ ಅವನನ್ನು ಕೇಳದೆಯೇ ಮಾತಾಡಿತು: "ಬಿಡು ಅಂತನ ಹೇಳಿದೆ ರಾಯರ. ಅವಂಗ ಕೇಳಿಸಲಿಲ್ಲೋ ಏನೋ."

ಬೀರಪ್ಪ ಕೊಡಲಿ ಎತ್ತಿ ಬೈದಿದ್ದರೆ ವೆಂಕಣ್ಣ ಬದುಕಿಕೊಳ್ಳುತ್ತಿದ್ದ. ಬೀರಪ್ಪ ಹಾಗೆ ಮಾಡಲಿಲ್ಲ. ವೆಂಕಣ್ಣನ ಮುಖವನ್ನೇ ನೋಡಿ, ಕಿರುಬೆರಳನ್ನು ಕಿವಿಯಲ್ಲಿಟ್ಟು ಅಲ್ಲಾಡಿಸಿಕೊಂಡ.

"ಆಚಾರ್ರು ಸುಳ್ಳ ಹೇಳವರಲ್ರಿ" ಎಂದ ರಾಯರಿಗೆ. "ನನಗ ಕಡಿ ಅಂಧಾಂಗ ಕೇಳಿಸ್ತು. ನನ್ನ ಕಿವಿನ ಹ್ವಾದುವು ಕಾಣತೈತಿ."

"ಕಿವಿ ಇಲ್ಲದವನ ಕೈಯಾಗ ಕೊಡ್ಲಿ ಕೊಡೂದಾಗೂದಿಲ್ಲ" ಎಂದರು ರಾಯರು. "ನಾಳೆ ನಿಲ್ಲು ಅಂದ್ರ ಮನಿಷಾನ್ನ ಕಡದೀ." ಬೀರಪ್ಪ ಕೊಡಲಿಯನ್ನು ನೆಲಕ್ಕಿಟ್ಟು ಹೋದ.

ಅಲ್ಲಿಗೆ ನಿಂತಿದ್ದರೂ ಸಾಕಿತ್ತು. ಹಟ್ಟಿಯಲ್ಲಿ ಅಣ್ಣ ಶಟ್ಟೆಪ್ಪ ಸುದ್ದಿ ಕೇಳಿ, ತೋಳ ಬಂದರೂ ಕೇಳಿಸದವನು ಕಾವಲಿಗೆ ಯಾತಕ್ಕೆಂದು ರಾತ್ರಿಯ ಕುರಿದೊಡ್ಡಿಯನ್ನೂ ಅವನಿಂದ ಬಿಡಿಸಿದ. ತೋಳದ ಕಾಲಸಪ್ಪಳ ಹಿಡಿಯುತ್ತಿದ್ದ ಬೀರಪ್ಪನನ್ನು ಮುದುಕಿಯರ ಸಾಲಿನಲ್ಲಿ ಉಣ್ಣೆ ನೂಲಲು ಕೂರಿಸಿದರು. ಹೆಂಡತಿ ಬಾಯವ್ವ ದಿನಾ ಅವನ ಕಿವಿಗೆ ಬಳ್ಳೊಳ್ಳಿ ಎಣ್ಣೆ ಬಿಡುತ್ತಿದ್ದಳು.

ವೆಂಕಣ್ಣನಿಗೆ ಅನ್ನ ಸೇರದಾಯಿತು. ಪಾಪವನ್ನು ತೊಳೆಯಲು ಮೊದಲು ಅಡ್ಡದಾರಿ ಹಿಡಿದ. ಕಾಡವ್ವನ ಬದುವಿನಲ್ಲಿ ಒಂದು ಹುಣಸೆ ಸಸಿ ನೆಟ್ಟು ಹೊಳೆಯಿಂದ ನೀರು ಹೊತ್ತು ಹಾಕಿದ. ಕಾಡವ್ವ ಊರೆಲ್ಲ ಹೇಳಿಕೊಂಡು ಬಂದಳು: "ಆ ಕಿವುಡ ಮುಂಡೆಗಂಡ ಕಡದ ಹ್ವಾದ, ಈ ದೇವರಂಥಾ ಆಚಾರಿ ನೆಟ್ಟ ಹ್ವಾದ." ಸಸಿ ಚಿಗುರಿತು. ಒಂದೊಂದು ಎಲೆಯೂ ವೆಂಕಣ್ಣನಿಗೆ ಮುಳ್ಳಾಗಿ ಕಂಡಿತು.

ಆಮೇಲೆ ಬೀರಪ್ಪನ ಕಿವಿ ಗಟ್ಟಿಯಿವೆಯೆಂದು ಬೀರಪ್ಪನಿಗೇ ತೋರಿಸಿಕೊಡಲು ಹೊರಟ. ಅವನು ನೂಲುತ್ತ ಕುಳಿತಿದ್ದಾಗ ಕಳ್ಳನಂತೆ ಹಿಂದಿನಿಂದ ಹೋಗಿ, ದೂರದಲ್ಲೇ ನಿಂತು, ಪಿಸುದನಿಯಲ್ಲಿ ಅಂದ: "ಬೀರಪ್ಪ, ಮಜ್ಜಿಗಿ ಅದ ಏನಪಾ?"

"ಐತ್ರಿ ಆಚಾರ್ರ, ಬರ್ರಿ" ಎಂದ ಬೀರಪ್ಪ ತಿರುಗದೆಯೇ.

"ನೋಡು, ಕೇಳಿಸ್ತಿಲ್ಲೋ. ನಿನ್ನ ಕಿವಿಗೆ ಏನಾಗೇದ?"

"ನಿಮ್ಮಂಥಾ ಪುಣ್ಯವಂತರ ದನಿ ಕಲ್ಲಿಗೂ ಕೇಳತೈತ್ರಿ. ನಮ್ಮಂಥಾ ಪಾಪಿಗೋಳ ದನಿ ಕೇಳಸಬೇಕಲ್ಲ."

ವೆಂಕಣ್ಣ ಮಜ್ಜಿಗೆಯ ಬಟ್ಟಲು ಕೆಳಗಿಟ್ಟು ನೇರವಾಗಿ ಶಟ್ಟೆಪ್ಪನ ಹತ್ತಿರ ಹೋದ. ಹಟ್ಟಿಯವರೆಲ್ಲ ಕೇಳುವಂತೆ, ಸುಳ್ಳು ಹೇಳಿದವನು ತಾನು, ಕಡಿ ಅಂದದ್ದೂ ತಾನೇ, ಬೀರಪ್ಪನ ಕಿವಿಯಲ್ಲಿ ದೋಷವಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ.

ಶಟ್ಟೆಪ್ಪನ ಕಣ್ಣಲ್ಲಿ ನೀರು ಬಂತು. "ನೋಡ್ರೋ, ಇದಕ್ಕ ಹಿರೇತನ ಅಂತಾರ. ನಮ್ಮ ಬೀರಪ್ಪನ ಹೊಟ್ಟಿಮ್ಯಾಲಿನ ಹೊಡತ ತಪ್ಪಸಾಕ ತಮ್ಮ ಮ್ಯಾಲೆ ತೊಗೊಳಾಕ ಹತ್ತ್ಯಾರ."

"ಇಲ್ಲೋ ಶಟ್ಟೆಪ್ಪ, ಖರೇನ ನಾ ಸುಳ್ಳ."

"ಸುಳ್ಳ ಹೇಳವರು ಹಿಂಗ ನಾ ಸುಳ್ಳ ಅಂತ ಹೇಳ್ಕೊಂತ ತಿರಗೂದಿಲ್ರಿ ಆಚಾರ್ರ. ಕುಂದರ್ರಿ, ಹಾಲು ಕುಡದು ಹೋಗೀರಂತ."

ಹಾಲು ಕುಡಿಯಲೇಬೇಕಾಯಿತು. ಲೋಕದಲ್ಲಿ ಸುಳ್ಳನ್ನು ನಂಬಿಸಲು ಕಷ್ಟಪಟ್ಟವರುಂಟು. ನಮ್ಮ ವೀರನಿಗೆ ಸತ್ಯದ ಕೋಟೆ ಹತ್ತಲು ಏಣಿಯೇ ಸಿಗಲಿಲ್ಲ. ಉಳಿದದ್ದು ಒಂದೇ ದಾರಿ, ರಾಯರು.

ಮರುದಿನ ಏರಿಯಲ್ ಪೂರ್ತಿ ಎಳೆದು, ಗುಂಡಿಯೊತ್ತಿ ಸುರುಮಾಡಿದ. ಬಿಟ್ಟರೆ ರಾಯರ ದನಿ ಬಂದೀತೆಂದು ಹೆದರಿ ಬಿಡಲೇ ಇಲ್ಲ. ಹೂಂ ಅಂದದ್ದು, ಮಾತು ಮುಳುಗಿದ್ದು, ಸುಳ್ಳಾಡಿದ್ದು, ಸಸಿ ನೆಟ್ಟದ್ದು, ಹಾಲು ಕುಡಿದದ್ದು ಎಲ್ಲವನ್ನೂ ಹೇಳಿದ. ಹೇಳಿ ಮುಗಿದ ಮೇಲೂ ಒತ್ತಿಯೇ ಹಿಡಿದು ನಿಂತ. ಆ ಕಡೆಯಿಂದ ಹೂಂ ಅನ್ನುವವರಿಲ್ಲದೆ ಮಾತಾಡುವುದು ಬಾವಿಯೊಳಗೆ ಕಲ್ಲು ಹಾಕಿ ಸಪ್ಪಳಕ್ಕೆ ಕಾದಂತಿತ್ತು. ಕೊನೆಗೆ ಹೆಬ್ಬೆರಳು ಬೆವೆತು ಜಾರಿತು.

"—ಗುಂಡಿ ಬಿಡೋ ಮೂರ್ಖ" ಎನ್ನುತ್ತಿತ್ತು ಡಬ್ಬಿ. ಆಮೇಲೆ ಅಂದಿತು, "ನಾಳೆ ಮುಂಜಾನೆ ಅಣ್ಣತಮ್ಮ ಇಬ್ಬರನ್ನೂ ಹೊಳಿದಂಡಿಗೆ ಕರಕೊಂಡು ಬಾ. ಡಬ್ಬಿ ಶಟ್ಟೆಪ್ಪನ ಕೈಯಾಗ ಕೊಡು. ನಾ ಆಚಿ ದಂಡಿಮ್ಯಾಲಿಂದ ಅವಂಗ ಹೇಳ್ತೀನಿ. ಮುಗೀತು."

ಹೊಳೆ ಅಲ್ಲಿ ಕಿರಿದಾಗಿ ಬಂಡೆಗಳ ನಡುವೆ ಹರಿಯುತ್ತಿತ್ತು. ವೆಂಕಣ್ಣ ಶಟ್ಟೆಪ್ಪನ ಕೈಗೆ ವಾಕಿಟಾಕಿ ಕೊಟ್ಟು, ಒತ್ತಿದರೆ ಬಾಯಿ, ಬಿಟ್ಟರೆ ಕಿವಿ ಎಂದು ಹೇಳಿಕೊಟ್ಟ. ಬೀರಪ್ಪ ಎಣ್ಣೆಯ ಅರಳೆಯನ್ನು ಕಿವಿಯಿಂದ ತೆಗೆದು ನೀರಿನ ಅಂಚಿನ ಬಂಡೆಯ ಮೇಲೆ ಕುಳಿತ. ಆಚೆ ದಂಡೆಯಲ್ಲಿ ದುರ್ಬೀನಿನ ಹಿಂದೆ ರಾಯರು ಕಾಣುತ್ತಿದ್ದರು, ಬೊಟ್ಟಿನಷ್ಟು.

"ಶಟ್ಟೆಪ್ಪ, ನಿನ್ನ ತಮ್ಮ ಬೀರಪ್ಪನ ವಿಷಯ ಮಾತಾಡಬೇಕು" ಎಂದಿತು ಡಬ್ಬಿ.

ಅಷ್ಟು ದೊಡ್ಡ ಸಾಹೇಬರು ತನ್ನ ಹೆಸರು ಹಿಡಿದು ಮಾತಾಡುವಾಗ ಸುಮ್ಮನೆ ನಿಲ್ಲುವುದುಂಟೆ? ಶಟ್ಟೆಪ್ಪನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಬಿತ್ತು. "ಹೂಂರಿ ಯಪ್ಪಾ." ಬಿಟ್ಟ, ಅರ್ಧ ಮಾತು ಬಂತು, ಮತ್ತೆ ಒತ್ತಿದ. "ಹೂಂರಿ, ಹೂಂರಿ." ವೆಂಕಣ್ಣ ಮುಖ ಮುಚ್ಚಿಕೊಂಡ. ಕನ್ನಡಿ ನೋಡಿದಂತಾಗಿತ್ತು.

"ಮುಗೀತು" ಎಂದಿತು ಡಬ್ಬಿ.

"ಏನಂದ್ರು?" ಎಂದು ಕೇಳಿದ ವೆಂಕಣ್ಣ.

ಶಟ್ಟೆಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಬೀರಪ್ಪನ ವಿಷಯ ಅಂದ್ರು. ಆಮ್ಯಾಲೆ ಮುಗೀತು ಅಂದ್ರು. ನಡುವ ಏನೂ ಅನ್ನಲಿಲ್ರಿ."

"ಯಣ್ಣಾ, ಭಾಳ ಅಂದ್ರಲ್ಲೋ" ಎಂದ ಬೀರಪ್ಪ ಬಂಡೆಯ ಮೇಲಿನಿಂದ.

ರಾಯರಿಗೆ ಡಬ್ಬಿಯನ್ನೂ ಕಿವುಡೆಂದು ತಿಳಿದು ಅದರಲ್ಲಿ ಕೂಗುವ ಚಾಳಿ. ಆ ಕೂಗು ಹೊಳೆ ದಾಟುವಾಗ ನೀರಿನ ಸಪ್ಪಳದಲ್ಲಿ ಕರಗಿಹೋಗುತ್ತಿತ್ತು. ವೆಂಕಣ್ಣನಿಗೆ ಒಂದಕ್ಷರ ಕೇಳಿರಲಿಲ್ಲ. ರಾತ್ರಿ ತೋಳದ ಹೆಜ್ಜೆ ಹಿಡಿದ ಕಿವಿಗಳಿಗೆ ಕೇಳಿತ್ತು.

"ಗುಂಡಿ ಒತ್ತಿದಾಗ ಮಾತು ಮುಳಗತೈತಿ, ಈಗ ನಿನಗ ಮುಳಗಿಧಾಂಗ ಆವತ್ತ ವೆಂಕಣ್ಣಗ ಮುಳಗಿತ್ತು ಅಂದ್ರು. ಬೀರಪ್ಪನ ಕಿವಿ ಶುದ್ಧ ಅದಾವು ಅಂದ್ರು. ಸೋಮಾರ ಬಂದು ಕೊಡ್ಲಿ ಹಿಡಿ ಅಂದ್ರು."

ಶಟ್ಟೆಪ್ಪ ಡಬ್ಬಿಯನ್ನು ನೋಡಿದ, ಆಚೆ ದಂಡೆ ನೋಡಿದ, ತಮ್ಮನ ಕಿವಿ ನೋಡಿದ. ಬಹಳ ಹೊತ್ತು ವೆಂಕಣ್ಣನ ಕಡೆಗೆ ನೋಡಲಿಲ್ಲ. ನೋಡಿದಾಗ ಆ ಕಣ್ಣಿನಲ್ಲಿ ಹಾಲು ಕೊಟ್ಟ ದಿನದ ನೀರಿರಲಿಲ್ಲ.

"ಇವತ್ತ ರಾತ್ರಿಯಿಂದ ದೊಡ್ಡಿಗೆ ನೀನ ಹೋಗು" ಎಂದ ತಮ್ಮನಿಗೆ. "ಮತ್ತೇನಂದ್ರು?"

"ಮತ್ತ, ವೆಂಕಣ್ಣ ಆಚಾರ್ರಿಗೆ..." ಎಂದು ಸುರುಮಾಡಿದ ಬೀರಪ್ಪ ವೆಂಕಣ್ಣನ ಮುಖ ನೋಡಿ ನಿಂತುಬಿಟ್ಟ. ಕಿರುಬೆರಳನ್ನು ಕಿವಿಯಲ್ಲಿಟ್ಟು ಅಲ್ಲಾಡಿಸಿಕೊಂಡ. "ಅಷ್ಟರಾಗ ಗಾಳಿ ಬೀಸ್ತು. ಮುಂದಿಂದು ಕೇಳಸಲಿಲ್ಲ."

ದಂಡೆಯ ಮೇಲೆ ನೆಟ್ಟಿದ್ದ ಅಳತೆಯ ಬಾವುಟ ಕೋಲಿಗೆ ಅಂಟಿಕೊಂಡು ಜೋತುಬಿದ್ದಿತ್ತು. ಒಂದು ಎಳೆಯೂ ಅಲ್ಲಾಡುತ್ತಿರಲಿಲ್ಲ. ವೆಂಕಣ್ಣ ಶಟ್ಟೆಪ್ಪನ ಕೈಯಿಂದ ವಾಕಿಟಾಕಿ ತೆಗೆದುಕೊಂಡ. ಏರಿಯಲನ್ನು ಮೆಲ್ಲಗೆ ಒಳಗೆ ನೂಕಿ, ಧೋತರದ ಚುಂಗಿನಿಂದ ಅದರ ಬಾಯಿ ಒರೆಸಿ, ಬೀರಪ್ಪನ ತೊಡೆಯ ಮೇಲಿಟ್ಟ.

"ಇದನ್ನ ರಾಯರಿಗೆ ಮುಟ್ಟಿಸಿಬಿಡಪಾ" ಎಂದು ಬೈಲಹೊಂಗಲದ ದಾರಿ ಹಿಡಿದ.