ಟೈಪಕ್ಕನ ಕೀಲಿಮಣೆ

ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಟೈಪಕ್ಕ ಇಪ್ಪತ್ತೆರಡು ವರ್ಷ ಕೂತದ್ದು ಒಂದೇ ಕುರ್ಚಿಯ ಮೇಲೆ, ಕುಟ್ಟಿದ್ದು ಒಂದೇ ಕೀಲಿಮಣೆಯನ್ನು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗಷ್ಟೇ ಅವಳಿಗೆ ನೆನಪಾಗುತ್ತಿತ್ತು. ಗುಂಡಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿ ಯಾವ ಕಾಲವಾಗಿತ್ತೋ. ಹೊಸಬರು ಯಾರಾದರೂ ಬಂದು, "ಇದ್ರಲ್ಲಿ ಹೇಗೆ ಟೈಪ್ ಮಾಡ್ತೀರಿ?" ಎಂದು ಕೇಳಿದರೆ, "ಊಟ ಮಾಡೋವಾಗ ಬಾಯಿ ಎಲ್ಲಿದೆ ಅಂತ ಕನ್ನಡಿ ನೋಡ್ಕೋತೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಕಂಪ್ಯೂಟರನ್ನು ತಂದು ಕೂರಿಸಿದವನು ಅವಳ ಗಂಡ. ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ, ಕಾಲ ಬದಲಾದಾಗ ಕಂಪ್ಯೂಟರಿಗೆ ಕೈ ಹಾಕಿದ. ಮಾತು ಕಡಿಮೆ. ಮನೆಯಲ್ಲಿ ಫ್ಯಾನು ನಿಂತರೂ ಹೇಳದೆ ಕೇಳದೆ ಸರಿಮಾಡಿ, ಏಣಿಯನ್ನು ಮಾತ್ರ ಎತ್ತಿಡಲು ಮರೆಯುವ ಜಾತಿ. ಅವನು ಹೋಗಿ ಆರು ವರ್ಷವಾಗಿತ್ತು. ಸಂಜೆ ಕೆಲಸ ಮುಗಿಸಿ ಕೀಲಿಮಣೆಗೆ ಬಟ್ಟೆ ಹೊದಿಸುವಾಗ ಟೈಪಕ್ಕನಿಗೆ ಅವನ ನೆನಪು ಬಂದೇ ಬರುತ್ತಿತ್ತು. ಆ ಒಂದು ಗಳಿಗೆ ಅವಳಿಗೆ ಬೇಕಾಗಿಯೂ ಇತ್ತು.

ಒಂದು ಗುರುವಾರ ಕಂಪ್ಯೂಟರು ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಮಾಲೀಕ ಮರುದಿನವೇ ಹೊಸದು ತರಿಸಿದ. ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ, ಪರದೆ ಬೇರೆ, ತಂತಿ ಸಿಕ್ಕಿಸುವ ತೂತೂ ಬೇರೆ.

"ಅಕ್ಕಾ, ನಿಮ್ಮನ್ನ ಕೆಲಸದಿಂದ ಬಿಡಿಸ್ತೀನಿ ಅಂತ ಅಂದ್ಕೋಬೇಡಿ," ಎಂದ ಮಾಲೀಕ. ಕೆಟ್ಟವನಲ್ಲ. "ಶಾಲೆಯವರ ವರದಿ ಪುಸ್ತಕ ಮುಂದಿನ ವಾರ ಕೊಡ್ಬೇಕು. ಸೋಮವಾರದೊಳಗೆ ಇದ್ರಲ್ಲಿ ಕೈ ಕೂತ್ರೆ ಸರಿ. ಇಲ್ದಿದ್ರೆ ನೀವು ಬೈಂಡಿಂಗ್ ಮೇಜಿಗೆ ಬನ್ನಿ, ಟೈಪಿಂಗ್ ಹೊರಗೆ ಕೊಡ್ತೀನಿ."

ಬೈಂಡಿಂಗ್ ಕೆಲಸ ಕೀಳೇನಲ್ಲ. ಆದರೆ ಐವತ್ತಾರನೇ ವಯಸ್ಸಿನಲ್ಲಿ ಕೈಗೆ ಗೋಂದು ಮೆತ್ತಿಕೊಂಡು ಹೊಸದಾಗಿ ಕಲಿಯುವುದು ಟೈಪಕ್ಕನಿಗೆ ಬೇಡವಾಗಿತ್ತು. ಅವಳಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ.

ಶನಿವಾರ ರಿಪೇರಿಗೆ ಬಂದವಳು ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ನಡುವಯಸ್ಸಿನ ಹೆಂಗಸು. ತುರುಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದ ಕಾರಣ ಬೀದಿಗೆಲ್ಲ ಅವಳು ಸ್ಕ್ರೂಡ್ರೈವರೇ. ಹಳೆಯ ಕೀಲಿಮಣೆಯ ದುಂಡು ಪಿನ್ನಿಗೆ ಒಂದು ಅಡಾಪ್ಟರ್ ಹಾಕಿ ಹೊಸ ಕಂಪ್ಯೂಟರಿಗೆ ಜೋಡಿಸಿದಳು. ಅಂಕಿಗಳೆಲ್ಲ ಸರಿಯಾಗಿ ಬಂದವು. ಕನ್ನಡ ಕುಟ್ಟಿದರೆ ಮಾತ್ರ ತಲೆಬುಡವಿಲ್ಲದ ಸಾಲು.

"ಕೀಲಿಮಣೆ ಕೆಟ್ಟಿದೆಯೇನೇ?"

"ಇಲ್ಲಕ್ಕಾ, ಅದು ಗಟ್ಟಿಮುಟ್ಟಾಗಿದೆ. ಯಾವ ಗುಂಡಿಗೆ ಯಾವ ಅಕ್ಷರ ಅನ್ನೋದು ಅದಕ್ಕೆ ಗೊತ್ತಿರಲ್ಲ, ಕಂಪ್ಯೂಟರಿನ ಒಳಗೆ ಒಂದು ಪಟ್ಟಿ ಇರುತ್ತೆ. ಹಳೇದರ ಪಟ್ಟಿ ಬೇರೆ, ಇದರ ಪಟ್ಟಿ ಬೇರೆ. ನಿಮಗೆ ಬೇಕಾದ ಹಾಗೆ ಹೊಸ ಪಟ್ಟಿ ಮಾಡ್ಕೊಡ್ತೀನಿ. ಹೇಳಿ, 'ಕ' ಎಲ್ಲಿದೆ?"

ಟೈಪಕ್ಕ ಕೀಲಿಮಣೆಯ ಮೇಲೆ ಬಗ್ಗಿ ಹುಡುಕಿದಳು. ಇಷ್ಟು ವರ್ಷ ಲಕ್ಷಗಟ್ಟಲೆ ಸಲ ಒತ್ತಿದ 'ಕ' ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ! ಗೊತ್ತಿದ್ದದ್ದು ಬೆರಳಿಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಕೊನೆಗೆ ಪರದೆಗೆ ಟವೆಲ್ಲು ಹೊದಿಸಿ, ಟೈಪಕ್ಕ ಕಣ್ಣು ಮುಚ್ಚಿ ಕೂತಳು. ಬಾಯಲ್ಲಿ ಒಂದೊಂದೇ ಅಕ್ಷರ ಹೇಳುತ್ತಾ ಒತ್ತಿದಳು. ಬೆರಳು ಎಲ್ಲಿ ಬಿತ್ತು ಎಂದು ಸ್ಕ್ರೂಡ್ರೈವರ್ ಬರೆದುಕೊಂಡಳು. ಕಣ್ಣು ಮುಚ್ಚಿದ್ದೇ ತಡ, ಟೈಪಕ್ಕನಿಗೆ ಟೈಪಿಂಗ್ ಶಾಲೆಯ ಉದ್ದನೆಯ ಕೋಣೆ, ರಿಬ್ಬನ್ನಿನ ಮಸಿಯ ವಾಸನೆ, "ಕಣ್ಣು ಹಾಳೆ ಮೇಲಿರ್ಲಿ!" ಎಂಬ ಮೇಷ್ಟರ ಗದರಿಕೆ ಎಲ್ಲ ಒಟ್ಟಿಗೆ ಬಂದವು. ಎಷ್ಟು ಚೆನ್ನಾಗಿತ್ತು ಆ ವಯಸ್ಸು! ಪಟ್ಟಿ ಮುಗಿದದ್ದೇ ಬೇಸರವಾಯಿತು.

ಸೋಮವಾರ ಬೆಳಗ್ಗೆ ಪಟ್ಟಿಯನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಸ್ಕ್ರೂಡ್ರೈವರ್ ಬಂದಳು. "ಹಳೇ ಟೈಪ್‌ರೈಟರಿನ ಕೀಲಿಗಳ ನಕ್ಷೆ ಜೊತೆ ತಾಳೆ ನೋಡ್ದೆ ಅಕ್ಕಾ. ಎರಡು ಅಕ್ಷರ ನಿಮ್ಮ ಕೈತಪ್ಪಿ ಅದಲುಬದಲಾಗಿತ್ತು, 'ಣ' ಮತ್ತು 'ಳ'. ನಾನೇ ಸರಿ ಮಾಡಿದೀನಿ."

ಮಾಲೀಕ ಬೆನ್ನ ಹಿಂದೆ ಬಂದು ನಿಂತ. ಟೈಪಕ್ಕ ವರದಿಯ ಮೊದಲ ಪುಟ ಕುಟ್ಟಿದಳು. ನೀರು ಹರಿದ ಹಾಗೆ ಹರಿಯಿತು. ತಲೆಯೆತ್ತಿ ನೋಡಿದರೆ 'ಬೆಳಗ್ಗೆ' ಹೋಗಿ 'ಬೆಣಗ್ಗೆ', 'ಮಕ್ಕಳು' ಹೋಗಿ 'ಮಕ್ಕಣು'. ಅಳಿಸಿ ಕುಟ್ಟಿದಳು, ಮತ್ತೆ ಅದೇ. ಮಾಲೀಕ ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

ಇದೇ ತಪ್ಪು! ಹರೆಯದಲ್ಲಿ ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದು ಇದೇ ಎರಡು ಅಕ್ಷರಕ್ಕೆ. ಟೈಪಿಂಗ್ ಶಾಲೆಯ ಮೂಲೆಯ ಏಳನೇ ಮಷಿನ್ನಿನಲ್ಲಿ ದಿನವೂ ಚೊಕ್ಕವಾಗಿ ಬರುತ್ತಿದ್ದದ್ದು ಪರೀಕ್ಷೆಯ ಕೋಣೆಯ ಬೇರೆ ಮಷಿನ್ನಿನಲ್ಲಿ ಕೈಕೊಡುತ್ತಿತ್ತು. "ಗಮನ ಇಲ್ಲ ನಿಂಗೆ," ಎಂದಿದ್ದರು ಮೇಷ್ಟರು. ಸರ್ಕಾರಿ ಕೆಲಸದ ಆಸೆ ಅಲ್ಲಿಗೇ ಮುಗಿದಿತ್ತು. ತಾನೇ ದಡ್ಡಿ ಎಂದು ಅವಳು ಇವತ್ತಿನವರೆಗೂ ನಂಬಿದ್ದಳು.

ಅವಳು ಅದನ್ನು ಹೇಳಿದ್ದೇ ಸ್ಕ್ರೂಡ್ರೈವರ್ ಮುಖ ಬದಲಾಯಿತು. "ಏಳನೇ ಮಷಿನ್ನಾ? ಅಕ್ಕಾ, ನಿಮ್ಮ ಹಳೇ ಕಂಪ್ಯೂಟರಿನ ಡಿಸ್ಕಿಂದ ನಿನ್ನೆ ಫೈಲು ತೆಗೀತಿದ್ದೆ. ಅದರ ಅಕ್ಷರಪಟ್ಟಿಯ ಫೈಲೂ ಸಿಕ್ತು. ಅದರ ಮೇಲ್ಗಡೆ ಯಾರೋ ಎರಡು ಸಾಲು ಬರೆದಿದ್ರು, ಯಾವ ಮಷಿನ್ನು, ಏನು ಅಂತ ನಂಗೆ ಅರ್ಥ ಆಗ್ಲಿಲ್ಲ, ಬಿಟ್ಬಿಟ್ಟೆ."

ತೆರೆದು ತೋರಿಸಿದಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: ಏಳನೇ ಮಷಿನ್ನಿನ ಪ್ರಕಾರ ಮಾಡಿದ್ದು. ಅದರ ಎರಡು ಅಕ್ಷರದ ಅಚ್ಚು ತಿರುಗುಮುರುಗಾಗಿ ಬೆಸುಗೆ ಹಾಕಿದವನು ನಾನು. ತಪ್ಪು ಅವಳದಲ್ಲ. ಯಾರೂ ತಿದ್ದಬೇಡಿ.

ಆ ಟೈಪಿಂಗ್ ಶಾಲೆಯ ಮಷಿನ್ನುಗಳ ರಿಪೇರಿಗೆ ಬರುತ್ತಿದ್ದವನು ಅವಳ ಗಂಡನೇ. ಅವಳನ್ನು ಅಲ್ಲಿಯೇ ನೋಡಿದವನು, ಆಮೇಲೆ ಕೇಳಿ ಮದುವೆಯಾದವನು. ಅವಳು ಫೇಲಾದ ಕತೆ ಹೇಳಿದಾಗಲೆಲ್ಲ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದವನು.

ಮಾಲೀಕ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಟೈಪಕ್ಕನ ಕಣ್ಣಲ್ಲಿ ನೀರು ಧಾರಾಕಾರ. ಆದರೆ ಅದರಲ್ಲಿ ಅರ್ಧಕ್ಕರ್ಧ ಸಿಟ್ಟು. ಆರು ವರ್ಷದಿಂದ ಅವನ ಮೇಲೆ ಅವಳು ಸಿಟ್ಟು ಮಾಡಿಕೊಂಡಿರಲೇ ಇಲ್ಲ.

"ಯಾವ್ದನ್ನ ಇಡಲಿ ಅಕ್ಕಾ, ನಕ್ಷೇದಾ, ಅವರದ್ದಾ?" ಸ್ಕ್ರೂಡ್ರೈವರ್ ಮೆಲ್ಲಗೆ ಕೇಳಿದಳು.

"ಅವರದ್ದೇ ಇಡು," ಎಂದಳು ಟೈಪಕ್ಕ, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ. "ಇಷ್ಟು ವರ್ಷ ಹೊಟ್ಟೇಲಿಟ್ಕೊಂಡು ಒದ್ದಾಡಿದಾರೆ, ಪುಣ್ಯಾತ್ಮ. ಒಂದು ಮಾತು ಹೇಳಿದ್ರೆ ನಾನೇನು ಬಿಟ್ಟು ಹೋಗ್ತಿದ್ನಾ?"