ರಾಶಿಯ ತಳದಲ್ಲಿದ್ದ ಕೈ

ಈಗಲೂ ಫುಟ್‌ಬಾಲನ್ನು ಕೂತು ನೋಡುವುದು ನನ್ನಿಂದ ಆಗುವುದಿಲ್ಲ. ಅಮೆರಿಕದವರ ಫುಟ್‌ಬಾಲು, ಮೊಟ್ಟೆಯ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಭಾನುವಾರ ಮಗಳು ಟೀವಿ ಹಾಕಿದರೆ ಐದು ನಿಮಿಷ ಸೋಫಾದಲ್ಲಿ ಪ್ರಾಪರ್ ಆಗಿ ಕೂತಿರುತ್ತೇನೆ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ, ಕಾಲು ಜೋಡಿಸಿ, ಬೆನ್ನು ನೆಟ್ಟಗೆ. ಆಮೇಲೆ ಯಾರೋ ಚೆಂಡು ಹಿಡಿದು ಓಡುತ್ತಾನೆ, ಅವನ ಮೇಲೆ ನಾಲ್ಕೈದು ಜನ ಬೀಳುತ್ತಾರೆ, ನಾನು ಎದ್ದು ಪರದೆಯ ಮುಂದೆ ನಿಂತಿರುತ್ತೇನೆ.

"ಅಮ್ಮಾ, ಯೂ ಆರ್ ಬ್ಲಾಕಿಂಗ್!" ಎನ್ನುತ್ತಾಳೆ ಮಗಳು.

ಅವಳಿಗೆ ಗೊತ್ತಿಲ್ಲ ಎಂದಲ್ಲ. ಒಂದು ಕಾಲದಲ್ಲಿ ಅವಳ ಅಮ್ಮ ಇದನ್ನೇ ಕೆಲಸವಾಗಿ ಮಾಡಿದ್ದಳು ಎಂದು ಸ್ನೇಹಿತರಿಗೆಲ್ಲ ಜೋಕಿನ ಹಾಗೆ ಹೇಳುತ್ತಾಳೆ. ಆದರೆ ಅದು ಜೋಕಾಗಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಯಜಮಾನರಿಗೆ ಚಿಪ್ ಕಂಪನಿಯಲ್ಲಿ ಕೆಲಸ. ಮಗಳು ಆಗತಾನೇ ಸ್ಕೂಲಿಗೆ ಹೋಗತೊಡಗಿದ್ದಳು. ನನ್ನ ಬಳಿ ಮೈಸೂರಿನಲ್ಲಿ ಓದಿದ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್‌ಸಿ. ಇತ್ತು, ಒಳ್ಳೆಯ ಇಂಗ್ಲಿಷ್ ಇತ್ತು, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಮಾಡಲು ಏನೂ ಇರಲಿಲ್ಲ. ವ್ಯಾಕ್ಯೂಮ್ ಮಾಡಿದ ಕಾರ್ಪೆಟ್ಟನ್ನೇ ಮತ್ತೆ ವ್ಯಾಕ್ಯೂಮ್ ಮಾಡುತ್ತಿದ್ದೆ. ಬೇಳೆ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ, ಮರುದಿನ ಬಣ್ಣದ ಪ್ರಕಾರ ಬದಲಿಸುತ್ತಿದ್ದೆ. ಕಿಟಕಿಯ ಹತ್ತಿರ ಹೋಗಿ ನಿಂತರೆ ಎದುರಿಗೆ ಕಾಣುತ್ತಿದ್ದುದು ಕಾರು ನಿಲ್ಲಿಸುವ ಕಾರ್‌ಪೋರ್ಟು, ಅದರಲ್ಲಿ ಯಜಮಾನರು ಕಾರು ತೆಗೆದುಕೊಂಡು ಹೋಗಿ ಖಾಲಿಬಿದ್ದ ನಮ್ಮ ಜಾಗ.

ಪೇಪರಿನಲ್ಲಿ ಒಂದು ಸಣ್ಣ ಜಾಹೀರಾತು ಬಂತು. ಸ್ಟ್ಯಾಟಿಸ್ಟಿಕ್ಸ್ ಗೊತ್ತಿರುವವರು ಬೇಕು, ಪಾರ್ಟ್ ಟೈಮ್, ಸ್ಯಾನ್ ಮಟೇಯೋ. ಇನ್ಶೂರೆನ್ಸ್ ಆಫೀಸೇ ಇರಬೇಕೆಂದುಕೊಂಡು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡು, ಟ್ರೇನು ಹತ್ತಿ ಹೋದೆ. ಟೈರ್ ಅಂಗಡಿಯ ಮೇಲಿನ ಎರಡು ರೂಮು ಅದು. ಒಳಗೆ ರಬ್ಬರಿನ ವಾಸನೆ, ಗೋಡೆಯುದ್ದಕ್ಕೂ ವೀಡಿಯೋ ಕ್ಯಾಸೆಟ್ಟು, ಮೂರು ಟೀವಿ. ಒಬ್ಬ ತೆಳ್ಳನೆಯ ಮನುಷ್ಯ ಕೈ ಕುಲುಕಿದ. ಮೊದಲು ಹೈಸ್ಕೂಲಿನಲ್ಲಿ ಮ್ಯಾಥ್ಸ್ ಮೇಷ್ಟ್ರಾಗಿದ್ದವನು, ಈಗ ಫುಟ್‌ಬಾಲಿನ ಒಂದು ವಾರಪತ್ರಿಕೆಯ ಸಂಪಾದಕ. ಚಂದಾದಾರರಿಗೆ ಅಂಚೆಯಲ್ಲಿ ಹೋಗುವ ಕೆಲವೇ ಹಾಳೆಗಳ ಪತ್ರಿಕೆ.

"ಫುಟ್‌ಬಾಲ್ ಗೊತ್ತಾ?" ಎಂದು ಕೇಳಿದ.

"ಇಲ್ಲ," ಎಂದೆ.

"ವಂಡರ್‌ಫುಲ್! ಗೊತ್ತಿರೋರೆಲ್ಲಾ ತಮ್ಮ ಹೀರೋಗೇ ಮಾರ್ಕ್ಸ್ ಹಾಕ್ತಾರೆ. ನಿನಗೆ ಹೀರೋ ಇಲ್ಲ ತಾನೇ?"

ಅವನ ತಲೆಯಲ್ಲಿ ಒಂದು ಆಸೆ ಕೂತಿತ್ತು. ಚೆಂಡು ಹಿಡಿದು ಓಡುವವರ ಬಗ್ಗೆ ಎಲ್ಲಕ್ಕೂ ಲೆಕ್ಕವಿದೆ, ಎಷ್ಟು ಗಜ ಓಡಿದ, ಎಷ್ಟು ಸಲ ಗೆರೆ ದಾಟಿದ. ತಡೆಯುವವರ ಬಗ್ಗೆ ನೆಚ್ಚಬಹುದಾದ ಲೆಕ್ಕವೇ ಇಲ್ಲ. ಓಡುವವನನ್ನು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಎನ್ನುತ್ತಾರೆ. ಅದನ್ನು ಆಯಾ ತಂಡದವರು ತಾವೇ ಎಣಿಸಿಕೊಳ್ಳುತ್ತಿದ್ದರು, ತಮ್ಮವರಿಗೆ ಧಾರಾಳವಾಗಿ. ಹಾಗಾಗಿ ಎಲ್ಲ ತಂಡಗಳ ಆಟವನ್ನೂ ಒಂದೇ ರೂಮಿನಲ್ಲಿ ಟೇಪಿನಲ್ಲಿ ನೋಡಿ, ಹೊಸದಾಗಿ ಎಣಿಸಿ, ತಡೆಯುವವರಿಗೆ ಒಂದು ನ್ಯಾಯವಾದ ರ‍್ಯಾಂಕಿಂಗು ಕೊಡಬೇಕೆಂದು ಹೊರಟಿದ್ದ. ಬೇರೆ ಬೇರೆ ಊರಿನ ಸ್ನೇಹಿತರು ಟೀವಿಯಿಂದ ರೆಕಾರ್ಡ್ ಮಾಡಿ ಟೇಪು ಕಳಿಸುತ್ತಿದ್ದರು.

ಸೀಸನ್ ಮುಗಿಯುವವರೆಗೆ ನನ್ನದು ಟ್ರಯಲ್. ಆಮೇಲೆ ನೋಡೋಣ ಎಂದ.

ಪಕ್ಕದ ಕುರ್ಚಿಯಲ್ಲಿ ಟೇಪು ನೋಡುತ್ತಿದ್ದವನು ಒಬ್ಬ ಮಾಜಿ ಕೋಚು. ಬಾಗಿಲಿನಷ್ಟು ಅಗಲದ ಆಳು. ಎರಡೂ ಮಂಡಿ ಕೆಟ್ಟು ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ನನ್ನನ್ನು ಮೊದಲ ದಿನದಿಂದಲೂ ಕರೆದದ್ದು 'ಪ್ರೊಫೆಸರ್' ಎಂದು. ಆಟದ ನಿಯಮವನ್ನೆಲ್ಲ ಅವನೇ ಹೇಳಿಕೊಟ್ಟ. ಟ್ಯಾಕಲ್ ಯಾರ ಲೆಕ್ಕಕ್ಕೆ ಹೋಗಬೇಕು ಎಂಬುದೊಂದನ್ನು ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋಡಿದರೆ ಗೊತ್ತಾಗುವ ವಿಷಯ ಎಂದು ಇಬ್ಬರೂ ಅಂದುಕೊಂಡಿದ್ದೆವು.

ಐ ಮಸ್ಟ್ ಸೇ, ಆ ಕೆಲಸ ನನಗೆ ಹಿಡಿಸಿತು. ರಿಮೋಟಿನ ಗುಂಡಿ ಒತ್ತಿ ಹಿಂದೆ ಮುಂದೆ ಓಡಿಸುತ್ತ, ನಡುಗುವ ಚಿತ್ರದಲ್ಲಿ ಬನಿಯನ್ನಿನ ಸಂಖ್ಯೆ ಹುಡುಕುತ್ತ, ಗ್ರಾಫ್ ಕಾಗದದ ಮೇಲೆ ಗೀಟು ಎಳೆಯುವಾಗ ಮಾತ್ರ ನನ್ನ ಕಾಲುಗಳು ಸುಮ್ಮನಿರುತ್ತಿದ್ದವು. ಮನೆಗೆ ಬಂದರೆ ಮತ್ತೆ ಅದೇ ಚಡಪಡಿಕೆ.

ಅದಕ್ಕೆ ಕಾರಣವೂ ಇತ್ತು. ಯಜಮಾನರು ದಕ್ಷಿಣಕ್ಕೆ ದೂರದಲ್ಲಿದ್ದ, ಬೆಳ್ಳುಳ್ಳಿ ಬೆಳೆಯುವ ಊರಾದ ಗಿಲ್‌ರಾಯಿನಲ್ಲಿ ಒಂದು ಮನೆ ನೋಡಿಟ್ಟಿದ್ದರು. ನಮ್ಮ ಕೈಗೆಟಕುವ ಮನೆ ಅದೊಂದೇ. ಮೂರು ಬೆಡ್‌ರೂಮು, ಹಿಂದೆ ನಿಂಬೆಗಿಡ. ಗಾಳಿ ಬೀಸಿದರೆ ಊರಿಗೆ ಊರೇ ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು.

"ನೋಡು, ಒಗ್ಗರಣೆ ಕೆಲಸ ಅರ್ಧ ಮುಗೀತು," ಎಂದು ನಕ್ಕರು.

"ಅಲ್ಲಿಂದ ಟ್ರೇನೇ ಇಲ್ಲವಲ್ಲ ರೀ. ಸ್ಯಾನ್ ಮಟೇಯೋಗೆ ನಾನು ಹೋಗೋದು ಹೇಗೆ?"

"ಫ್ರೀವೇ ಇದೆ."

"ಫ್ರೀವೇನಲ್ಲಿ ನಾನು ಓಡಿಸೋದಾ?"

"ಟ್ರಯಲ್ ಕೆಲಸ ಕಣೇ ಅದು. ಅವನು ಪರ್ಮನೆಂಟ್ ಮಾಡ್ತೀನಿ ಅಂದ್ರೆ ಇಲ್ಲೇ ಇರೋಣ, ಗಾಡ್ ಪ್ರಾಮಿಸ್. ಇಲ್ಲಾಂದ್ರೆ ಆ ಮನೆ ಬಿಡೋದು ಬೇಡ."

ಮಾತು ನ್ಯಾಯವಾಗಿಯೇ ಇತ್ತು. ಹಾಗಾಗಿ ಜಗಳವಾಡಲೂ ಆಗಲಿಲ್ಲ. ಮನೆ ಮಾರುವವರು ಸೀಸನ್ನಿನ ಕೊನೆಯ ವಾರದವರೆಗೆ ಕಾಯಲು ಒಪ್ಪಿದರು. ಅಲ್ಲಿಂದ ಮುಂದೆ ನಾನು ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟೆ.

ಕೊನೆಯ ವಾರಗಳು ಹತ್ತಿರ ಬಂದಾಗ ಸಂಪಾದಕ ಅಷ್ಟೂ ಹಾಳೆಗಳನ್ನು ಕೂಡಿಸಿ ಮೊದಲ ಪೂರ್ತಿ ರ‍್ಯಾಂಕಿಂಗು ಮಾಡಲು ಹೇಳಿದ. ಮಾಡಿ ಅವನ ಟೇಬಲ್ಲಿನ ಮೇಲಿಟ್ಟು ಟೀ ಮಾಡಲು ಹೋದೆ. ನೀರು ಕುದಿಯುವ ಮೊದಲೇ ಒಳಗಿಂದ ಕೂಗು ಕೇಳಿತು.

"ಏನಿದು? ವಾಟ್ ಇಸ್ ದಿಸ್?"

ದೇಶದ ಅರ್ಧ ಜನ ಪೂಜೆ ಮಾಡುತ್ತಿದ್ದ ಒಬ್ಬ ಲೈನ್‌ಬ್ಯಾಕರ್ ಇದ್ದ, ಹಿಂದಿನಿಂದ ಹಾರಿ ಬಂದು ಓಡುವವನನ್ನು ನೆಲಕ್ಕೆ ಅಪ್ಪಳಿಸುವವನು. ನನ್ನ ಪಟ್ಟಿಯಲ್ಲಿ ಅವನು ಎಲ್ಲೋ ಕೆಳಗಿದ್ದ. ಮೊದಲನೆಯ ಸ್ಥಾನದಲ್ಲಿ ಇದ್ದವನು ಒಂದು ಸೋಲುವ ತಂಡದ ನಡುಸಾಲಿನ ದಪ್ಪ ಮನುಷ್ಯ. ಅವನ ಹೆಸರನ್ನು ಸಂಪಾದಕನೇ ಎರಡು ಸಲ ಓದಬೇಕಾಯಿತು.

ಕೋಚು ಒಂದು ಟೇಪು ಹಾಕಿ ನಿಲ್ಲಿಸಿದ. ಪರದೆಯ ತುಂಬ ಮೈಗಳ ರಾಶಿ.

"ಪ್ರೊಫೆಸರ್, ಇಲ್ಲಿ ಟ್ಯಾಕಲ್ ಯಾರದು?"

ನಾನು ರಾಶಿಯ ತಳಕ್ಕೆ ಬೆರಳಿಟ್ಟೆ. ಬೆನ್ನ ಮೇಲೆ ಯಾರೋ ಕೂತಿದ್ದರೂ, ಮುಖ ಹುಲ್ಲಿನಲ್ಲಿ ಹೂತಿದ್ದರೂ, ಆ ದಪ್ಪ ಮನುಷ್ಯನ ಒಂದು ಕೈ ಮಾತ್ರ ಹೊರಗೆ ಚಾಚಿ ಓಡುವವನ ಕಾಲ್ಗಿಣ್ಣನ್ನು ಹಿಡಿದಿತ್ತು.

"ಅವನದಾ? ಅವನು ಬರೀ ಕಾಲು ಹಿಡಿದಿದ್ದಾನೆ! ಕೆಡವಿದ್ದು ಇವನು," ಎಂದು ಕೋಚು ಮೇಲೆ ಬಿದ್ದಿದ್ದವನನ್ನು ತೋರಿಸಿದ.

"ಕಾಲು ಹಿಡಿಯದಿದ್ದರೆ ಓಡುವವನು ಇವನಿಗೆ ಸಿಕ್ಕುತ್ತಿದ್ದನಾ?"

"ನಿನಗೆ ಇದನ್ನ ಯಾರು ಹೇಳಿಕೊಟ್ರು?"

ಯಾರೂ ಹೇಳಿಕೊಟ್ಟಿರಲಿಲ್ಲ. ಮೈಸೂರಿನ ನಮ್ಮ ಮನೆಯ ಹಿಂದೆಯೇ ಒಂದು ಮೈದಾನವಿತ್ತು. ಕಾನ್ವೆಂಟಿನಲ್ಲಿ ನಮಗೆ ಥ್ರೋಬಾಲು ಮಾತ್ರ. ಕಬಡ್ಡಿ ಎಂಬ ಮಾತು ಎತ್ತಿದರೂ ಸಿಸ್ಟರ್ ಮೂಗು ಮುರಿಯುತ್ತಿದ್ದರು, 'ರೋಲಿಂಗ್ ಇನ್ ದಿ ಮಡ್, ಗರ್ಲ್ಸ್?' ಎಂದು. ಅದಕ್ಕೇ ಸಂಜೆ ತಾರಸಿಯ ಮೇಲೆ ನಿಂತು ಅದನ್ನೇ ನೋಡುತ್ತಿದ್ದೆ. ಉಸಿರು ಬಿಡದೆ ಬಂದವನ ಕಾಲನ್ನು ಒಬ್ಬ ನುಗ್ಗಿ ಹಿಡಿಯುತ್ತಾನೆ, ಒದೆ ತಿನ್ನುತ್ತಾನೆ, ಬಿಡುವುದಿಲ್ಲ. ಆಮೇಲೆ ಉಳಿದವರು ಬೀಳುತ್ತಾರೆ. ಜನ ಕೂಗುತ್ತಿದ್ದುದು ಆ ಮೊದಲನೆಯವನಿಗೆ. 'ಯಾರು ಹಿಡಿದದ್ದು?' ಎಂದು ಕೇಳಿದರೆ ಅವನನ್ನೇ ತೋರಿಸುತ್ತಿದ್ದರು, ಮೇಲೆ ಬಿದ್ದವರನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಿಡಿಯುವುದೆಂದರೆ ನನ್ನ ಪಾಲಿಗೆ ಅದೇ. ಬೇರೆ ಥರ ಇರಬಹುದೆಂದು ಹೊಳೆದೇ ಇರಲಿಲ್ಲ.

ಇದನ್ನು ಹೇಳಿದೆ. ಕೋಚು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿಮ್ಮೂರಲ್ಲಿ ಉಸಿರು ಕಟ್ಟಿಕೊಂಡು ಟ್ಯಾಕಲ್ ಮಾಡ್ತಾರಾ? ಹೆಲ್ಮೆಟ್ಟೂ ಇಲ್ದೆ?"

"ಚಪ್ಪಲಿ ಕೂಡ ಇಲ್ದೆ," ಎಂದೆ.

ಸಂಪಾದಕ ನಗಲಿಲ್ಲ. "ಇಡೀ ಸೀಸನ್ ಹಾಳಾಯ್ತು," ಎಂದ. ಎಲ್ಲವನ್ನೂ ಮತ್ತೆ ಎಣಿಸಲು ಬೇರೆ ಯಾರನ್ನಾದರೂ ಕರೆಯಬೇಕಾಗುತ್ತದೆ ಎಂದ. ಬೇರೆ ಯಾರನ್ನಾದರೂ! ಟ್ರೇನಿನಲ್ಲಿ ಖಾಲಿ ಸೀಟಿದ್ದರೂ ಕೂರಲಿಲ್ಲ. ಬಾಗಿಲ ಹತ್ತಿರ ಕಂಬಿ ಹಿಡಿದು ಸನ್ನಿವೇಲಿನವರೆಗೂ ನಿಂತೇ ಬಂದೆ. ನಿಂಬೆಗಿಡ ಕಣ್ಣ ಮುಂದೆ ಬರುತ್ತಿತ್ತು. ಮೂರು ಬೆಡ್‌ರೂಮು ವ್ಯಾಕ್ಯೂಮ್ ಮಾಡುವುದೂ ಕಣ್ಣ ಮುಂದೆ ಬರುತ್ತಿತ್ತು.

ಸಂಜೆ ಅಡುಗೆಮನೆಯಲ್ಲಿ ಹುಳಿ ಕುದಿಯುತ್ತಿದ್ದಾಗ ಯಜಮಾನರಿಗೆ ಹೇಳಿದೆ. ಅವರು ಹಪ್ಪಳ ಮುರಿಯುತ್ತ ಕೇಳಿಸಿಕೊಂಡರು.

"ನೀನು ಸರಿನೋ ಅವರು ಸರಿನೋ, ಅದು ಹೇಗೆ ಗೊತ್ತಾಗುತ್ತೆ?" ಎಂದರು.

"ಅದೇ ಅಲ್ವಾ ಕಷ್ಟ."

"ನಮ್ಮಲ್ಲಿ ಅಳೆಯೋ ಮೆಷಿನ್ ಹೊಸದು ಬಂದ್ರೆ, ಸರಿ ತಪ್ಪು ಆಮೇಲೆ. ಮೊದಲು ಚಿಪ್ ಮಾಡೋ ಸಿಲಿಕಾನ್ ಬಿಲ್ಲೆ, ಅದೇ ವೇಫರ್, ಒಂದನ್ನೇ ಎರಡು ಸಲ ಅಳೀತೀವಿ. ಎರಡು ಸಲಾನೂ ಒಂದೇ ಬಂದ್ರೆ ಆ ಮೆಷಿನ್ ಇಟ್ಕೋತೀವಿ. ಒಂದೊಂದು ಸಲ ಒಂದೊಂದು ಹೇಳಿದ್ರೆ ವಾಪಸ್."

ನಾನು ಸೌಟು ಹಿಡಿದುಕೊಂಡು ನಿಂತುಬಿಟ್ಟೆ.

"ಯಾಕೆ ಹಾಗೆ ನೋಡ್ತೀಯಾ? ಹುಳಿ ಉಕ್ತಾ ಇದೆ!"

ಅದನ್ನು ನಾನೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಹೌ ಸಿಲ್ಲಿ. ಗಿಲ್‌ರಾಯಿನ ಮನೆ ಬೇಕೆಂದಿದ್ದ ಮನುಷ್ಯನೇ ಅದನ್ನು ಹಪ್ಪಳ ತಿನ್ನುತ್ತ ನೆನಪಿಸಿದರು.

ಮರುದಿನ ಸಂಪಾದಕನಿಗೆ ಹೇಳಿದೆ. "ಒಂದೇ ಟೇಪನ್ನು ಇವತ್ತು ನಾವು ಮೂವರೂ ಬೇರೆ ಬೇರೆ ಕೂತು ಎಣಿಸೋಣ. ನೀವಿಬ್ಬರೂ ನಿಮ್ಮ ರೀತಿ, ನಾನು ನನ್ನ ರೀತಿ. ಶುಕ್ರವಾರ ಅದನ್ನೇ ಮತ್ತೆ ಎಣಿಸೋಣ, ಹಳೇ ಹಾಳೆ ನೋಡದೆ. ನನ್ನದು ಒಂದಕ್ಕೊಂದು ಹೊಂದದಿದ್ದರೆ ನಾನೇ ಹೋಗುತ್ತೇನೆ."

ಮ್ಯಾಥ್ಸ್ ಮೇಷ್ಟ್ರಿಗೆ ಈ ಮಾತು ಬೇಡವೆನ್ನಲು ಆಗಲಿಲ್ಲ. ಕೋಚು ಮಾತ್ರ, "ಜೀವಮಾನವೆಲ್ಲ ಇದನ್ನೇ ನೋಡಿದೀನಿ, ನನಗೆ ಟೆಸ್ಟಾ?" ಎಂದು ಗೊಣಗಿದ.

ಆ ವಾರ ನಾನು ಎಲ್ಲೂ ನೆಲೆಯಾಗಿ ಕೂತ ನೆನಪಿಲ್ಲ. ಮಗಳಿಗೆ ಜಡೆ ಹಾಕುತ್ತ ಅರ್ಧಕ್ಕೆ ಎದ್ದು ಹೋದೆ, ಅವಳು ಒಂದೇ ಜಡೆಯಲ್ಲಿ ಸ್ಕೂಲ್ ಬಸ್ಸು ಹತ್ತಿದಳು. "ಮಾಮ್, ಎವ್ರಿಬಡಿ ಲಾಫ್ಡ್," ಎಂದಳು ಸಂಜೆ.

ಶುಕ್ರವಾರ ಎಣಿಸಿ ಮುಗಿಸಿ, ಹಳೆಯ ಹಾಳೆಗಳನ್ನು ಹೊಸದರ ಪಕ್ಕದಲ್ಲಿಟ್ಟೆವು. ಸಂಪಾದಕನದಕ್ಕೂ ಕೋಚಿನದಕ್ಕೂ ತಾಳೆಯಾಗಲಿಲ್ಲ, ಅದು ನಿರೀಕ್ಷಿಸಿದ್ದೇ. ಆದರೆ ಕೋಚಿನ ಮೊದಲ ಹಾಳೆಗೂ ಎರಡನೆಯದಕ್ಕೂ ತಾಳೆಯಿರಲಿಲ್ಲ. ರಾಶಿ ಬಿದ್ದ ಕಡೆಯಲ್ಲೆಲ್ಲ ಒಂದು ಸಲ ಒಬ್ಬನಿಗೆ ಕೊಟ್ಟಿದ್ದ, ಇನ್ನೊಂದು ಸಲ ಮತ್ತೊಬ್ಬನಿಗೆ. ಒಮ್ಮೆ ಕಾಮೆಂಟೇಟರ್ ಯಾರ ಹೆಸರು ಕೂಗಿದನೋ ಅವನಿಗೆ, ಇನ್ನೊಮ್ಮೆ ಎಲ್ಲರಿಗಿಂತ ಮೇಲೆ ಬಿದ್ದವನಿಗೆ. ನನ್ನ ಎರಡು ಹಾಳೆಗಳಲ್ಲಿ ಬೇರೆಯಾಗಿದ್ದದ್ದು ಒಂದೇ ಒಂದು ಕಡೆ, ಅದೂ ಕ್ಯಾಮೆರಾ ಬೇರೆ ಕಡೆ ತಿರುಗಿದ್ದಾಗ. ಮೊದಲು ಹಿಡಿದ ಕೈ ಯಾವುದೆಂದು ನೋಡುವುದು ಕಷ್ಟವಲ್ಲ. ಬಿದ್ದ ರಾಶಿಯಲ್ಲಿ ಕೀರ್ತಿ ಯಾರದು ಎಂದು ಹೇಳುವುದು ಕಷ್ಟ.

ಕೋಚು ತನ್ನ ಹಾಳೆಗಳನ್ನೇ ನೋಡುತ್ತ ಕೂತಿದ್ದ. "ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದೇನು, ಪ್ರೊಫೆಸರ್?" ಎಂದ. ತಮಾಷೆಯ ದನಿ ಇರಲಿಲ್ಲ. ನಾನು ಟೀ ತಂದುಕೊಟ್ಟೆ.

ಸಂಪಾದಕ ಕಿಟಕಿಯ ಹತ್ತಿರ ನಿಂತು ಕೆಳಗೆ ಟೈರ್ ಬದಲಿಸುವುದನ್ನು ನೋಡುತ್ತಿದ್ದ.

"ನೀನು ಹೇಳೋದು ಸರಿ," ಎಂದ ಕೊನೆಗೆ. "ಆದ್ರೆ ಅದನ್ನ ಪ್ರಿಂಟ್ ಮಾಡೋಕೆ ನನ್ನಿಂದಾಗಲ್ಲ. ಚಂದಾದಾರರು ಪತ್ರಿಕೆ ತೆಗೆದ ಕೂಡಲೇ ತಮ್ಮ ಹೀರೋನ ಹುಡುಕ್ತಾರೆ. ಈ ದಪ್ಪನೆಯವನ ಮುಖ ಅವನ ಹೆಂಡ್ತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಹಾಗಾದರೆ ನ್ಯಾಯವಾದ ರ‍್ಯಾಂಕಿಂಗ್ ಅಂದಿರಲ್ಲ?"

ಅವನು ತಲೆ ಕೆರೆದುಕೊಂಡ. ಆಮೇಲೆ ತನ್ನ ಷರತ್ತು ಹೇಳಿದ. ಮುಂದಿನ ಸೀಸನ್ನಿಗೂ ನಾನು ಇರಬೇಕು, ಟ್ರಯಲ್ ಅಲ್ಲ, ಖಾಯಂ. ಟ್ಯಾಕಲನ್ನು ಎಲ್ಲರ ರೀತಿಯಲ್ಲೇ ಎಣಿಸಬೇಕು, ರ‍್ಯಾಂಕಿಂಗು ಅದರ ಪ್ರಕಾರವೇ. ನನ್ನದನ್ನೂ ಎಣಿಸಬಹುದು, ಅದು ಕೊನೆಯ ಕಾಲಮ್ಮಿನಲ್ಲಿ, ಸಣ್ಣಕ್ಷರದಲ್ಲಿ ಬರುತ್ತದೆ. 'ಫಸ್ಟ್ ಹ್ಯಾಂಡ್' ಎಂದು ತಲೆಬರಹ.

ನನಗೆ ಬೇಕಾಗಿದ್ದ ಕೆಲಸ ಕೈಗೆ ಬಂದಿತ್ತು. ಅದರ ಬೆಲೆಯಾಗಿ ಆ ದಪ್ಪ ಮನುಷ್ಯನನ್ನು ನನ್ನ ಕೈಯಾರೆ ಮೇಲಿನಿಂದ ಕೆಳಗಿಳಿಸಬೇಕಿತ್ತು. ರೂಮಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಕೋಚು ಕೇಳಿದ, "ಏನು ಪ್ರೊಫೆಸರ್, ನಿಮ್ಮೂರವರ ಹಾಗೆ ಉಸಿರು ಕಟ್ಟಿದೀಯಾ?"

"ಒಪ್ಪಿದೆ," ಎಂದೆ.

ಮನೆಗೆ ಬಂದು ಹೇಳಿದಾಗ ಯಜಮಾನರು ಫೋನು ಎತ್ತಿದರು. ಗಿಲ್‌ರಾಯಿನವರಿಗೆ ಸಾರಿ ಹೇಳಿದರು. ಇಟ್ಟ ಮೇಲೆ, "ನಿಂಬೆಗಿಡ ಚೆನ್ನಾಗಿತ್ತು ಕಣೇ," ಎಂದರು. ಮಾತಿಗೆ ತಪ್ಪಲಿಲ್ಲ, ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಮುಂದಿನ ವಾರ ಒಂದು ನಿಂಬೆ ಸಸಿ ತಂದು ಬಾಲ್ಕನಿಯ ಕುಂಡದಲ್ಲಿ ನೆಟ್ಟರು. ಅದು ಕಾಯಿ ಬಿಡಲೇ ಇಲ್ಲ.

ಪತ್ರಿಕೆ ನಿಲ್ಲುವವರೆಗೂ ಆ ಕೆಲಸ ಮಾಡಿದೆ. ಕೊನೆಯ ಕಾಲಮ್ಮಿನ ಬಗ್ಗೆ ಓದುಗರು ಯಾರೂ ಒಂದು ಮಾತು ಬರೆಯಲಿಲ್ಲ, ಬೈಯಲೂ ಇಲ್ಲ. ದಪ್ಪ ಮನುಷ್ಯ ಮಂಡಿ ಕೆಟ್ಟು ಆಟ ಬಿಟ್ಟ. ಟೀವಿಯಲ್ಲಿ ಅವನ ಬಗ್ಗೆ ಏನೂ ಬರಲಿಲ್ಲ. ಸಣ್ಣಕ್ಷರದ ಆ ಕಾಲಮ್ಮು ಅವನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ಈಗಲೂ ಕೆಲವೊಮ್ಮೆ ಅನ್ನಿಸುತ್ತದೆ. ಅವನ ಹೆಂಡತಿಯಾದರೂ ನೋಡಿರಲಿ ಎಂದುಕೊಳ್ಳುತ್ತೇನೆ.

ಮೊನ್ನೆ ಭಾನುವಾರ ಮತ್ತೆ ಹಾಗೇ ಆಯಿತು. ರಾಶಿ ಬಿತ್ತು, ಕಾಮೆಂಟೇಟರ್ ಒಂದು ಹೆಸರು ಕೂಗಿದ, ನಾನು ಪರದೆಯ ಮುಂದೆ ನಿಂತಿದ್ದೆ.

"ಅಮ್ಮಾ, ಸಿಟ್!"

"ಅವನಲ್ಲ ಕಣೇ ಹಿಡಿದದ್ದು. ಹಿಂದಕ್ಕೆ ಹಾಕು."

ನಿಟ್ಟುಸಿರು ಬಿಟ್ಟು ರಿಮೋಟ್ ಒತ್ತಿದಳು. ಬಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹಿಂದಕ್ಕೆ ಹಾರಿಹೋದರು. ಕೊನೆಗೆ ಒಂದು ಕೈ ಮಾತ್ರ ಉಳಿಯಿತು, ಕಾಲ್ಗಿಣ್ಣಿನ ಮೇಲೆ. ಅಲ್ಲಿಗೆ ನಿಲ್ಲಿಸು ಎಂದೆ. ಅವಳು ನಿಲ್ಲಿಸಿ, ಸೋಫಾದಿಂದ ಎದ್ದು, ನನ್ನ ಪಕ್ಕಕ್ಕೆ ಬಂದು ಬಗ್ಗಿದಳು.

"ವಿಚ್ ಒನ್? ಓ. ದಟ್ ಗೈ. ಅವನ ನಂಬರ್ ಏನಮ್ಮಾ?"

ಅವನ ಬನಿಯನ್ನಿನ ಮೇಲೆ ಇನ್ನೊಬ್ಬನ ಮೊಣಕೈ ಇತ್ತು. ಕಾಣಲಿಲ್ಲ.

"ಇನ್ನೂ ಸ್ವಲ್ಪ ಹಿಂದಕ್ಕೆ," ಎಂದೆ.