ಕೆಂಪು ಮೇಜಿನ ಮಾತು

ಠಣ್ — ಒಂದೇ ಏಟು. ಹಿತ್ತಾಳೆಯ ಆ ಕೈಗಂಟೆಯನ್ನು ಬಾರಿಸುತ್ತಿದ್ದವಳು ನಾನು. ಅದನ್ನು ಬಾರಿಸಿದ ಮೇಲೆ ಹಾಲ್‌ನಲ್ಲಿ ಯಾರು ಏನು ಆಡಿದ್ದರೂ ಅದು ಯಾರ ಮಾತೂ ಅಲ್ಲ, ಬಾಗಿಲಾಚೆಗೆ ಹೋಗಕೂಡದು ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವಳೂ ನಾನೇ. ಶಾಹೀನ್, ಆ ಹಾಲ್‌ನಲ್ಲಿ ನೀನು ಆಡಿದ ಮಾತನ್ನು ಹೊರಗೆ ಹೋಗಲು ನಾನು ಬಿಟ್ಟೆ. ಬಿಟ್ಟು, ನಿನ್ನ ನೌಕರಿಯನ್ನು ತೀರ್ಮಾನಿಸುವವರ ಮುಂದೆ ಅದು ನಿನ್ನದೇ ಎಂದು ನಂಬಿಸಿದೆ. ಆ ಮಾತನ್ನು ನಿನಗೆ ಬರೆದುಕೊಟ್ಟವಳು ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ.

ಇಷ್ಟೇ ವಿಷಯ. ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿ ತೀಡಿದ ಇಂಗ್ಲಿಷ್ ನನ್ನದು. ಅದರಲ್ಲಿ ಎಂಥ ಪಾಪವನ್ನೂ 'ಅನ್‌ಫಾರ್ಚುನೇಟ್' ಎಂದು ಮಡಚಿ ಇಟ್ಟುಬಿಡಬಹುದು. ಒಂದು ಪುಟ ಬರೆದೆ. ಓದಿ ನೋಡಿದರೆ ತಪ್ಪು ಇತ್ತು, ತಪ್ಪು ಮಾಡಿದವಳು ಎಲ್ಲೂ ಇರಲಿಲ್ಲ. ಹರಿದು ಹಾಕಿದೆ. ಕನ್ನಡದಲ್ಲಿ ನನಗೆ ಅಷ್ಟು ಜಾಣತನ ಇಲ್ಲ. ಮೇಲಾಗಿ ಇದು ನಾವಿಬ್ಬರು ಮಾತಾಡಿಕೊಂಡ ಭಾಷೆ — ಆ ಸೆಂಟರಿನಲ್ಲಿ ಬೇರೆ ಯಾರಿಗೂ ಅರ್ಥವಾಗದ ಭಾಷೆ.

ಓದುವವರಿಗೆ ಆ ಸೆಂಟರಿನ ವಿಷಯ ಸ್ವಲ್ಪ ಹೇಳಬೇಕು. ಯೂನಿವರ್ಸಿಟಿಯ ಹಳೆಯ ಕಟ್ಟಡದ ಮಹಡಿಯಲ್ಲಿ ನಾಲ್ಕು ಕೋಣೆ, ಒಂದು ಹಾಲ್. ರಾಷ್ಟ್ರೀಯ ಭದ್ರತೆ, ವಿದೇಶಾಂಗ ನೀತಿ — ಇವನ್ನು ಕಲಿಸುವುದು ನಮ್ಮ ಕೆಲಸ. ಹೊರಗಿನ ಬೋರ್ಡು ಭಾರೀ. ಒಳಗೆ ಅರ್ಧ ಪಾಠಗಳು ರಿಟೈರ್ಡ್ ಆಫೀಸರುಗಳ ಪೋಸ್ಟಿಂಗ್ ಕಥೆಗಳು; ಇನ್ನರ್ಧ ನಾವು ಮಾಡುತ್ತಿದ್ದೆವು. ವರ್ಷಕ್ಕೊಮ್ಮೆ ಮಾತ್ರ ಆ ಕಟ್ಟಡಕ್ಕೆ ಜೀವ ಬರುತ್ತಿತ್ತು — ಕ್ರೈಸಿಸ್ ಗೇಮ್ ಆಡುವಾಗ. ಎರಡು ದೇಶ, ಎರಡು ಮೇಜು. ಬ್ಲೂ ನಮ್ಮದು. ರೆಡ್ ವೈರಿ. ವೈರಿ ಯಾರೆಂದು ಹೆಸರು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಡಿಯಲ್ಲೋ ಸಮುದ್ರದಲ್ಲೋ ಒಂದು ಗಲಾಟೆ ಹುಟ್ಟಿಸಿ, ಎರಡೂ ಮೇಜಿನವರಿಗೆ ಅವರವರ ಬ್ರೀಫ್ ಕೊಟ್ಟು ಬಿಡುವುದು. ಬ್ರೀಫ್ ಎಂದರೆ ನೀನು ಯಾರು, ನಿನಗೆ ಏನು ಬೇಕು, ಮೊದಲ ಮಾತು ಏನು ಆಡಬೇಕು — ಇದೆಲ್ಲ. ಬರೆಯುತ್ತಿದ್ದವಳು ನಾನು, ಚೆಂಬೂರಿನ ನನ್ನ ಊಟದ ಮೇಜಿನ ಮೇಲೆ, ಬಹಳ ಗರ್ವದಿಂದ.

ಗಂಟೆಯ ನಿಯಮ ಯಾಕೆಂದರೆ — ವೈರಿಯಾಗಿ ಕೂತವರು ನಿಜವಾಗಿ ವೈರಿಯಂತೆ ಯೋಚಿಸಬೇಕು. ನಾಳೆ ಈ ಮಾತು ನನ್ನ ಹೆಸರಿಗೆ ಅಂಟಿಕೊಂಡರೆ ಎಂಬ ಹೆದರಿಕೆ ಇದ್ದರೆ ಅವರು ಮೆತ್ತಗೆ ಆಡುತ್ತಾರೆ. ಅವರು ಮೆತ್ತಗೆ ಆಡಿದರೆ ನಮ್ಮವರು ಏನೂ ಕಲಿಯುವುದಿಲ್ಲ. ನಮ್ಮ ವಿದ್ಯೆ ನಿಂತಿದ್ದೇ ಈ ಒಂದು ಮರ್ಯಾದೆಯ ಮೇಲೆ.

ನೀನು ಮೊದಲು ಬಂದದ್ದು ವಿದ್ಯಾರ್ಥಿನಿಯಾಗಿ. ಮನೆ ಘಾಟ್ಕೋಪರ್, ನಿನ್ನ ಅಬ್ಬಾ ವಿಜಯಪುರದ ಕಡೆಯಿಂದ ಬಂದು ಗಾದಿ ಹೊಲಿಯುವ ಅಂಗಡಿ ಇಟ್ಟವರು. ಕ್ಯಾಂಟೀನಿನಲ್ಲಿ ನಾನು ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು, ತಟ್ಟೆ ಹಿಡಿದುಕೊಂಡೇ ಎದುರಿಗೆ ಬಂದು ನಿಂತೆ.

"ಮೇಡಂ, ನೀವು ಕನ್ನಡದವ್ರೇನ್ರಿ? ನಿಮ್ಮ ಕನ್ನಡ ಪುಸ್ತಕದಾಗಿಂದ ಹರಕೊಂಡು ತಂದಂಗ ಐತಿ."

"ನಿಂದೆಂತದು ಮಾರಾಯ್ತಿ, ಜಗಳಕ್ಕೆ ನಿಂತ ಹಾಗೆ ಉಂಟು," ಎಂದೆ. ಇಬ್ಬರೂ ನಕ್ಕೆವು.

ಎಂ.ಎ. ಮುಗಿಸಿ ನೀನು ಅಲ್ಲೇ ಪಾಠ ಮಾಡಲು ಸೇರಿದೆ — ಪಾಠಕ್ಕಿಷ್ಟು ಎಂಬ ಲೆಕ್ಕದ ಕೆಲಸ, ರಜೆಯಲ್ಲಿ ಏನೂ ಇಲ್ಲ. ಹಾಗೇ ವರ್ಷಗಳು ಹೋದವು. ಕೊನೆಗೆ ಒಂದು ಪರ್ಮನೆಂಟ್ ಲೆಕ್ಚರರ್ ಪೋಸ್ಟ್ ಬಂತು. ನಿನಗೆ ಬೇಕಾಗಿದ್ದದ್ದು ಅದೊಂದೇ. ಸಂಬಳಕ್ಕಿಂತ ಹೆಚ್ಚಾಗಿ ನಿನ್ನ ಕಣ್ಣು ನನ್ನ ಬ್ರೀಫ್‌ಗಳ ಮೇಲಿತ್ತು. "ಒಂದ್ ದಿನ ಈ ಆಟ ನಾ ಬರೀತೀನ್ರೀ ಮೇಡಂ, ನೋಡ್ತಿರ್ರಿ," ಎನ್ನುತ್ತಿದ್ದೆ. ಬರೆಯಬಲ್ಲವಳೇ. ಅದು ನನಗೆ ಗೊತ್ತಿತ್ತು — ನನಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ ಎಂಬುದನ್ನೂ ಈಗ ಹೇಳಿಬಿಡುತ್ತೇನೆ.

ಆ ವರ್ಷದ ಆಟದಲ್ಲಿ ರೆಡ್ ಮೇಜಿನ ಮುಖ್ಯಸ್ಥಳಾಗಿ ನಿನ್ನನ್ನು ಕೂರಿಸಿದೆ. ನಿನ್ನ ಮೊದಲ ಮಾತು, ನಾನು ಬರೆದದ್ದು, ಹೀಗಿತ್ತು: "ನಿಮ್ಮ ಸೈನ್ಯದ ಮೇಲೆ ನಮಗೆ ದ್ವೇಷವಿಲ್ಲ. ನಿಮ್ಮ ಬಂದರಿನಲ್ಲಿ ಎರಡು ರಾತ್ರಿ ದೀಪ ಉರಿಯದ ಹಾಗೆ ಮಾಡಿದರೆ ಸಾಕು, ನಿಮ್ಮ ಜನರೇ ನಿಮ್ಮನ್ನು ಬಾಗಿಸುತ್ತಾರೆ." ನೀನು ಅದನ್ನು ಕಾಗದ ನೋಡದೆ ಹೇಳಿದೆ, ಸಕ್ಕರೆ ಬೇಕಾ ಎಂದು ಕೇಳುವಷ್ಟು ಮೆಲ್ಲಗೆ. ಹಾಲ್ ತಣ್ಣಗಾಯಿತು. ಬ್ಲೂ ಮೇಜಿನ ಹುಡುಗರು ಸಂಜೆಯೊಳಗೆ ಸೋತರು. ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕೂತಿದ್ದ ಕಮೋಡೋರ್ ಸಾಹೇಬರು — ನೌಕಾಪಡೆಯಿಂದ ರಿಟೈರ್ ಆದವರು, ನಮ್ಮ ಸೆಲೆಕ್ಷನ್ ಬೋರ್ಡಿನಲ್ಲೂ ಇದ್ದವರು — ಚಪ್ಪಾಳೆ ತಟ್ಟಲಿಲ್ಲ.

ಗಂಟೆ ಬಾರಿಸಿದೆ. ವಿಮರ್ಶೆ ಶುರುವಾಯಿತು. ನೀನು ಎದ್ದು ನಿಂತು ನಿನ್ನ ಚೆಂದದ ಇಂಗ್ಲಿಷಿನಲ್ಲಿ ಕೇಳಿದೆ: ನಾನು ವಿದ್ಯಾರ್ಥಿಯಾಗಿದ್ದಾಗಲೂ ರೆಡ್ ಮೇಜು, ಕಲಿಸುವವಳಾದ ಮೇಲೂ ರೆಡ್ ಮೇಜು. ನನಗಿಂತ ಮೊದಲು ಇಲ್ಲಿ ಓದಿದ ಅನ್ಸಾರಿಗೂ ಅದೇ ಕುರ್ಚಿ. ವೈರಿಯ ಪಾತ್ರಕ್ಕೆ ಪ್ರತಿ ವರ್ಷ ಯಾರನ್ನು ಆರಿಸುತ್ತೀರಿ ಎಂದು ಎಂದಾದರೂ ಗಮನಿಸಿದ್ದೀರಾ, ಮೇಡಂ?

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮತ್ತೆ ನಗು ಇಡೀ ಹಾಲ್‌ಗೆ ಹಬ್ಬಿತು — ಅವರು ನಕ್ಕದ್ದು ನನ್ನನ್ನು ನೋಡಿ. ನಾನು, ಅಷ್ಟು ವರ್ಷ ನ್ಯೂಟ್ರಲ್ ಅಂಪೈರ್ ಎಂದು ಗಂಟೆ ಹಿಡಿದು ನಿಂತವಳು.

ಕಾರಿಡಾರಿನಲ್ಲಿ ನಿನ್ನನ್ನು ತಡೆದೆ. "ಎಂತದು ಇದು? ಅಷ್ಟು ಜನರ ಎದುರು?"

"ಒಬ್ಬಾಕಿನ ಬಂದು ಹೇಳಿದ್ರ ನೀವು ನಕ್ಕು ಚಾ ಕುಡಿಸಿ ಕಳಸ್ತಿದ್ರಿ ಮೇಡಂ."

"ನಿನ್ನನ್ನು ಅಲ್ಲಿ ಕೂರಿಸಿದ್ದು ನಿನ್ನ ಬುದ್ಧಿಗೆ, ತಿಳೀತಾ?"

"ಹಂಗಾದ್ರ ಒಮ್ಮೆ ಬ್ಲೂಕ್ಕ ಕೂಡಸ್ರಿ. ಅಲ್ಲೂ ಬುದ್ಧಿ ಬೇಕಾಗಿತ್ತು, ಈ ಸಲ ಯಾರ ಕಡೇನೂ ಕಾಣಲಿಲ್ಲ."

ನೀನು ತಮಾಷೆಗೆ ಹೇಳಿದೆ. ನಾನು ನಗಲಿಲ್ಲ. ನೀನು ಹೇಳಿದ್ದು ನಿಜ — ಅದಕ್ಕೇ ಉರಿಯಿತು. ನಾನು ಆರಿಸುವಾಗ ಹೆಸರು ನೋಡುತ್ತಿರಲಿಲ್ಲ ಎಂದು ನಂಬಿದ್ದೆ. ನೋಡುತ್ತಿದ್ದೆ. ಈ ಪಾತ್ರ ಇವರಿಗೆ 'ನ್ಯಾಚುರಲ್' ಆಗಿ ಬರುತ್ತದೆ ಎಂದು ಅಂದುಕೊಳ್ಳುತ್ತಿದ್ದೆನಲ್ಲ, ಆ 'ನ್ಯಾಚುರಲ್' ಎಲ್ಲಿಂದ ಬಂತು ಎಂದು ಒಂದು ಸಲವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಬೈಬಲ್ ಓದುವ ನಾನು, ಊರಲ್ಲೂ ಇಲ್ಲೂ 'ಅವರು ಬೇರೆ' ಎಂದು ಕರೆಸಿಕೊಂಡ ಮನೆತನದ ನಾನು. ನಿನ್ನ ಮೇಲೆ ನನಗೆ ಇವತ್ತಿಗೂ ಆ ಸಂಜೆಯ ಸಿಟ್ಟು ಪೂರ್ತಿ ಇಳಿದಿಲ್ಲ, ಶಾಹೀನ್. ಸಾಧ್ವಿಯ ಹಾಗೆ ಬರೆದು ನಿನಗೆ ಇನ್ನೊಂದು ಮೋಸ ಮಾಡಲಾರೆ.

ಮುಂದಿನ ವಾರ ಸೆಲೆಕ್ಷನ್ ಬೋರ್ಡು ಕೂತಿತು, ನಾನೂ ಅದರಲ್ಲಿದ್ದೆ. ನಿನ್ನ ಇಂಟರ್‌ವ್ಯೂ ಆಗಿ ನೀನು ಹೊರಗೆ ಬೆಂಚಿನ ಮೇಲಿದ್ದೆ. ಉಳಿದಿಬ್ಬರು ಆಗಲೇ ಒಪ್ಪಿದ್ದರು. ಒಬ್ಬರು ನಿನ್ನ ಹೆಸರಿನ ಮುಂದೆ ಟಿಕ್ ಹಾಕಿ ಬಿಸ್ಕತ್ತಿಗೆ ಕೈ ಚಾಚಿದ್ದರು. ಆಗ ಕಮೋಡೋರ್ ಕಪ್ಪನ್ನು ಕೆಳಗಿಟ್ಟರು.

"ಬ್ರಿಲಿಯಂಟ್ ಗರ್ಲ್. ಬಟ್ ದಟ್ ಪೋರ್ಟ್ ಬಿಸಿನೆಸ್, ಮೇಡಂ — ಆ ದೀಪ ಆರಿಸುವ ಮಾತು. ನಟನೆಯೋ, ಅಥವಾ ಅವಳು ಯೋಚಿಸುವುದೇ ಹಾಗೋ?"

ನಾನು ಹೇಳಬೇಕಾಗಿದ್ದದ್ದು ಎರಡು ಮಾತು. ಗಂಟೆ ಬಾರಿಸಿದ ಮೇಲೆ ಆ ಪ್ರಶ್ನೆಯೇ ಇಲ್ಲ, ಸರ್. ಇನ್ನೊಂದು — ಅದು ನಾನು ಬರೆದದ್ದು, ಸರ್. ಎರಡನೆಯದನ್ನು ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಅವರ ಕಣ್ಣಿಗೆ ಬಿಳಿಗೂದಲಿನ, ಕುತ್ತಿಗೆಯಲ್ಲಿ ಶಿಲುಬೆಯ, ಗುಡ್ ಆಫ್ಟರ್‌ನೂನ್ ಎನ್ನುವ ಮುದುಕಿಯಿಂದ ಯಾವ ಬಂದರಿಗೂ ಅಪಾಯವಿರಲಿಲ್ಲ. ನಾನು ಬರೆದಾಗ ಅದು ಸ್ಕಾಲರ್‌ಶಿಪ್. ನೀನು ಆಡಿದಾಗ —

ನಾನು ಹೇಳಿದ್ದು ಇದು. ಇಂಗ್ಲಿಷಿನಲ್ಲಿ, ಬಹಳ ಸೌಮ್ಯವಾಗಿ: "ಶಿ ಡಿಡ್ ನಾಟ್ ಸೀಮ್ ಟು ಬಿ ಆ್ಯಕ್ಟಿಂಗ್, ಸರ್." ಅವಳು ನಟಿಸುತ್ತಿದ್ದಂತೆ ಕಾಣಲಿಲ್ಲ.

"ಮಾತು ಅವಳದೇ?"

"ಶಿ ಸ್ಪೋಕ್ ವಿದೌಟ್ ನೋಟ್ಸ್."

ನೋಡು, ಎರಡರಲ್ಲೂ ಒಂದೂ ಸುಳ್ಳಿಲ್ಲ. ನೀನು ನಟಿಸುವವಳಂತೆ ಕಾಣಲಿಲ್ಲ, ಕಾಗದವನ್ನೂ ನೋಡಲಿಲ್ಲ. ಹಾಗೆ ಆಡು ಎಂದು ಕಲಿಸಿದ್ದು ನಾನು. ಹಾಗೆ ಆಡಿದ್ದಕ್ಕೆ ನಿನ್ನನ್ನು ಹಿಡಿದುಕೊಟ್ಟವಳೂ ನಾನು. ಟಿಕ್ ಹಾಕಿದವರು ಪೆನ್ನು ತೆಗೆದು ಅದರ ಮೇಲೆ ಇನ್ನೊಂದು ಗೆರೆ ಎಳೆದರು. ಹತ್ತು ನಿಮಿಷದಲ್ಲಿ ನಾವು ಬೇರೆಯವರ ಹೆಸರಿಗೆ ಒಪ್ಪಿ ಊಟಕ್ಕೆ ಎದ್ದೆವು.

ಹೊರಗೆ ನೀನು ಬೆಂಚಿನಿಂದ ಎದ್ದೆ. "ಏನಾರ ಕೇಳಿದ್ರೇನ್ರಿ ನನ್ನ ಬಗ್ಗೆ?"

"ಎಂತ ಇಲ್ಲ. ಬೋರ್ಡು ನೋಡ್ತದೆ, ಡಿಯರ್," ಎಂದೆ. ನಿನ್ನ ಹೆಗಲು ತಟ್ಟಿದೆ. ಹೆಗಲು ತಟ್ಟಿದ್ದನ್ನು ನೆನೆದರೆ ಈಗಲೂ ನನ್ನ ಅಂಗೈಯನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಆಮೇಲೆ ಆ ಸೆಂಟರಿನಲ್ಲಿ ನಿನಗೆ ಪಾಠಗಳನ್ನೂ ಕೊಡಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಟೈಂಟೇಬಲ್‌ನಲ್ಲಿ ನಿನ್ನ ಹೆಸರು ಬರಲಿಲ್ಲ, ಅಷ್ಟೆ. 'ಕ್ಲಿಯರೆನ್ಸ್ ಇಶ್ಯೂ', ಅಂದರೆ ಭದ್ರತೆಯ ದೃಷ್ಟಿಯಿಂದ ಅನುಮಾನವಿದೆ, ಎಂದು ಒಂದು ಮಾತು ನಿನ್ನ ಹಿಂದೆ ಹೋಯಿತೆಂದು ಕೇಳಿದೆ — ನೀನು ಅರ್ಜಿ ಹಾಕಿದ ಕಡೆಗೆಲ್ಲ, ನಿನಗಿಂತ ಮೊದಲು. ಅದು ಎಲ್ಲಿ ಹುಟ್ಟಿತು ಎಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಮರುವರ್ಷವೂ ಆಟ ನಡೆಸಿದೆ. ನಿಯಮವನ್ನೂ ಗಟ್ಟಿ ಸ್ವರದಲ್ಲಿ ಹೇಳಿದೆ. ರಿಟೈರ್ ಆದ ದಿನ ನನಗೆ ಶಾಲು ಹೊದೆಸಿ, ಮೇಡಂ ನಮ್ಮ ಸಂಸ್ಥೆಯ ಆತ್ಮಸಾಕ್ಷಿ ಎಂದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಚೆಂಬೂರಿನ ನಮ್ಮ ಇಗರ್ಜಿಯಲ್ಲಿ ಪಾದ್ರಿಯ ಜಾಲರಿಯ ಮುಂದೆ ಪಾಪನಿವೇದನೆಗೆಂದು ಎಷ್ಟೋ ಸಲ ಮೊಣಕಾಲೂರಿದ್ದೇನೆ. ಕೋಪ ಬಂತು ಎಂದಿದ್ದೇನೆ, ಪ್ರಾರ್ಥನೆ ತಪ್ಪಿಸಿದೆ ಎಂದಿದ್ದೇನೆ. ಸೊಸೆಯ ಬಗ್ಗೆ ಚಾಡಿ ಹೇಳಿದ್ದನ್ನೂ ಬಿಟ್ಟಿಲ್ಲ. ಇದನ್ನು ಹೇಳಲಿಲ್ಲ. ಸುಳ್ಳು ಹೇಳಿಲ್ಲವಲ್ಲ, ಯಾವ ಪಾಪದ ಹೆಸರಿನಲ್ಲಿ ಹೇಳಲಿ ಎಂದು ವಾದ ಮಾಡಿಕೊಂಡೆ. ಹೇಳಿದ್ದರೂ ಆತ ಕ್ಷಮಿಸಿ ನಾಲ್ಕು ಜಪ ಕೊಟ್ಟು ಕಳುಹಿಸುತ್ತಿದ್ದ. ಅವನಿಗೇನು? ಅವನ ನೌಕರಿ ಹೋಗಿರಲಿಲ್ಲ.

ಕೊನೆಗೆ ಹಳೆಯ ವಿದ್ಯಾರ್ಥಿಯೊಬ್ಬನಿಂದ ನೀನೆಲ್ಲಿದ್ದೀ ಎಂದು ತಿಳಿಯಿತು. ವಿಲೆ ಪಾರ್ಲೆಯಲ್ಲಿ, ಸ್ಟೇಶನ್ನಿನ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ, ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಕ್ಲಾಸ್. ಹೇಳಿಯೇ ಬರುತ್ತೇನೆ ಎಂದು ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೆಟ್ಟಿಲು ಹತ್ತಿ ಬಾಗಿಲ ಬಳಿ ನಿಂತಾಗ ನೀನು ಯಾವ ದೇಶದ ರಾಜಧಾನಿ ಯಾವುದು, ನಾಣ್ಯ ಯಾವುದು ಎಂದು ಹೇಳಿಸುತ್ತಿದ್ದೆ. ನಲವತ್ತು ಮಕ್ಕಳು ಒಟ್ಟಿಗೆ ಕೂಗಿ ಹೇಳುತ್ತಿದ್ದರು. ಒಂದು ದೇಶ ಯಾಕೆ ಹೆದರುತ್ತದೆ, ಯಾವಾಗ ಬಾಗುತ್ತದೆ ಎಂದು ನನಗಿಂತ ಚೆನ್ನಾಗಿ ತಿಳಿದವಳು ನೀನು.

ನನ್ನನ್ನು ಕಂಡು ಪಾಠ ನಿಲ್ಲಿಸಲಿಲ್ಲ. ಮುಗಿಸಿ, ಕೈಗೆ ಹತ್ತಿದ ಚಾಕ್‌ಪುಡಿಯನ್ನು ಒರೆಸಿಕೊಳ್ಳುತ್ತ ಬಂದೆ. ಇಬ್ಬರೂ ಕೆಳಗಿಳಿದು ರಸ್ತೆಯ ಪಕ್ಕ ನಿಂತೆವು.

"ಹೆಂಗ ಬಂದ್ರಿ?"

"ನಿನ್ನನ್ನು ನೋಡ್ಲಿಕ್ಕೆ."

"ನೋಡಿದ್ರಲ್ಲ."

ಶಾಹೀನ್ ಎಂದೆ. ಮುಂದಿನದನ್ನು ನೀನು ಆಡಲು ಬಿಡಲಿಲ್ಲ. "ನಾನೇ ಕೇಳ್ತೀನಿ. ಆವತ್ತ ಒಳಗ ಆ ಕಮೋಡೋರ್ ನನ್ನ ಬಗ್ಗೆ ಏನೋ ಅಂದಾನ. ಅದು ನನಗ ಆಮ್ಯಾಲ ಗೊತ್ತಾತು. ಅವ ಅನ್ಲಿ, ಅವಂದೇನ ಬಿಡ್ರಿ. ನೀವು ಅಲ್ಲೇ ಇದ್ರಿ. ಅಂವ ಅನ್ನುವಾಗ ನೀವು ಸುಮ್ಮನ ಕುಂತ್ರಿ. ಹೌದಿಲ್ಲೋ?"

ಹೇಳಲು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು. ನೀನು ಅದರ ಬದಲು ಒಂದು ಚಿಕ್ಕ ತಪ್ಪನ್ನು ತಂದು ನನ್ನ ಮುಂದೆ ಇಟ್ಟೆ — ಸುಮ್ಮನಿದ್ದವಳ ತಪ್ಪು, ಹೇಡಿಯ ತಪ್ಪು, ಯಾರಾದರೂ ಮಾಡುವಂಥದ್ದು. ನಾನು ಅದನ್ನು ತೆಗೆದುಕೊಂಡೆ.

"ಹೌದು," ಎಂದೆ. "ಸುಮ್ಮನೆ ಕೂತೆ."

"ಅದನ್ನ ನಾ ಮಾಫ್ ಮಾಡಂಗಿಲ್ರಿ. ಒಂದ್ ಮಾತ ಆಡಿದ್ರ ನಿಮ್ಮದೇನ ಗಂಟು ಹೋಗ್ತಿತ್ತು?"

ನಾನು ತಲೆ ತಗ್ಗಿಸಿದೆ. ತಗ್ಗಿಸಲು ಆ ಕ್ಷಣ ಎಷ್ಟು ಹಾಯೆನಿಸಿತೆಂದರೆ — ಅದನ್ನು ಬರೆಯಲಾರೆ.

ನೀನು ಕೈ ಅಡ್ಡ ಮಾಡಿ ಒಂದು ಆಟೋ ನಿಲ್ಲಿಸಿದೆ. "ಭೈಯಾ, ಆಂಟಿ ಕೋ ಚೆಂಬೂರ್ ಛೋಡ್ ದೋ. ಆರಾಮ್ ಸೇ ಚಲಾನಾ," ಎಂದೆ ಅವನಿಗೆ. ಮೇಡಂ ಎನ್ನಲಿಲ್ಲ. ನನ್ನ ಸೆರಗು ಚಕ್ರಕ್ಕೆ ಸಿಕ್ಕದಂತೆ ಒಳಗೆ ಸರಿಸಿ, ಮುಖ ನೋಡದೆ ತಿರುಗಿದೆ. ಆಟೋ ಹೊರಟಿತು. ಹಿಂದಿನ ಕಿಂಡಿಯಲ್ಲಿ ಬಗ್ಗಿ ನೋಡಿದೆ: ನೀನು ಜನರ ನಡುವೆ ಆ ಬಿಲ್ಡಿಂಗಿನ ಮೆಟ್ಟಿಲಿನತ್ತ ಹೋಗುತ್ತಿದ್ದೆ, ಬೇಗ ಬೇಗ, ಮುಂದಿನ ಕ್ಲಾಸಿಗೆ ತಡವಾದವಳಂತೆ. ಸಿಗ್ನಲ್ ಕೆಂಪಾಗಿ ಆಟೋ ನಿಂತಿತು. ನೀನು ಇನ್ನೂ ಕಾಣುತ್ತಿದ್ದೆ. ಇಳಿದು ಕೂಗಿದ್ದರೆ ಕೇಳಿಸುವಷ್ಟು ಹತ್ತಿರ. ನಾನು ಇಳಿಯಲಿಲ್ಲ.